ಕೀ ಸಿಕ್ಕ ಮಾತ್ರಕ್ಕೆ ಪರವಾನಗಿ ಸಿಕ್ಕಂತಲ್ಲ

ಪ್ರಶ್ನೆ: ರಿಪ್ಪನ್‌ಪೇಟೆಯಲ್ಲಿ ಡಿಟಿಪಿ ಮತ್ತು ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದೇನೆ. ಎರಡು ಅಸೆಂಬಲ್ ಮಾಡಿಸಿದ ಕಂಪ್ಯೂಟರ್‌ಗಳಿವೆ. ವಿಂಡೋಸ್ 10, ವಿನ್ಯಾಸದ ತಂತ್ರಾಂಶಗಳಾದ ಕೋರೆಲ್‌ಡ್ರಾ, ಫೋಟೋಶಾಪ್, ಪೇಜ್‌ಮೇಕರ್ ಎಲ್ಲವನ್ನೂ ಜೋಡಿಸಿಕೊಟ್ಟವರೇ ಹಾಕಿಕೊಟ್ಟರು. ಬಿಲ್ಲಿನಲ್ಲಿ ಅವುಗಳ ಹೆಸರಿಲ್ಲ. ಆನ್‌ಲೈನಿನಲ್ಲಿ ₹500ಕ್ಕೆ ವಿಂಡೋಸ್ 11ರ ಕೀ ಸಿಗುತ್ತದೆ. ಅದನ್ನು ಕೊಂಡರೆ ಸಾಕೇ ಅಥವಾ ವಿಂಡೋಸಿನ ಬದಲಿಗೆ ಉಚಿತವಾಗಿ ಸಿಗುವ ಲಿನಕ್ಸ್‌ಗೆ ಹೋಗುವುದು ಒಳ್ಳೆಯದೇ?

ಉತ್ತರ: ಕೀ ಎನ್ನುವುದು ತಂತ್ರಾಂಶವನ್ನು ಚಾಲೂ ಮಾಡುವ 25 ಅಕ್ಷರಗಳ ಸರಣಿ ಅಷ್ಟೇ; ಪರವಾನಗಿಯೆಂದರೆ ಅದನ್ನು ಯಾರು, ಎಷ್ಟು ಯಂತ್ರಗಳಲ್ಲಿ, ಯಾವ ಷರತ್ತಿನ ಮೇಲೆ ಬಳಸಬಹುದೆಂಬ ಒಪ್ಪಂದ. ಅಷ್ಟು ಅಗ್ಗಕ್ಕೆ ಬರುವ ಕೀಗಳು ಸಾಮಾನ್ಯವಾಗಿ ದೊಡ್ಡ ಸಂಸ್ಥೆಗಳಿಗೆ ಸಗಟಾಗಿ ಕೊಟ್ಟ ಪರವಾನಗಿಯಿಂದ ಬಿಡಿಸಿ ಮಾರಿದವು, ಇಲ್ಲವೇ ಬೇರೊಂದು ಯಂತ್ರದ ಜೊತೆ ಬಂದವು. ಯಂತ್ರದೊಂದಿಗೆ ಬರುವ ಒಇಎಂ ಪರವಾನಗಿ ಆ ಯಂತ್ರಕ್ಕೇ ಸೀಮಿತ. ಅಂಗಡಿಯಲ್ಲಿ ಬಿಡಿಯಾಗಿ ಕೊಳ್ಳುವ ರೀಟೇಲ್ ಪರವಾನಗಿಯನ್ನು ಮಾತ್ರ ಹಳೆಯ ಯಂತ್ರದಿಂದ ತೆಗೆದು ಹೊಸದಕ್ಕೆ ಒಯ್ಯಬಹುದು. ₹500ರ ಕೀ ಹಾಕಿದರೆ ಪರದೆಯ ಮೂಲೆಯ ‘ಆಕ್ಟಿವೇಟ್ ವಿಂಡೋಸ್’ ಬರಹ ಹೋಗುತ್ತದೆ, ನಿಜ. ಮೈಕ್ರೋಸಾಫ್ಟ್ ಆ ಕೀಯನ್ನು ತಡೆದ ದಿನ ಬರಹ ಮತ್ತೆ ಕಾಣಿಸಿಕೊಳ್ಳುತ್ತದೆ. ಮಾರಿದವನು ಮಾತ್ರ ಕಾಣಿಸಿಕೊಳ್ಳುವುದಿಲ್ಲ.

ವಿಂಡೋಸ್ 10ರ ಸಾಮಾನ್ಯ ಅಪ್‌ಡೇಟ್ ಅಕ್ಟೋಬರ್ 14, 2025ಕ್ಕೆ ನಿಂತಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು ಬೇಕು, ಇಂಟೆಲ್ ಆದರೆ ಸಾಮಾನ್ಯವಾಗಿ 8ನೇ ತಲೆಮಾರಿನ ಅಥವಾ ಅದರ ನಂತರದ ಪ್ರೊಸೆಸರ್ ಬೇಕು. ಆದ್ದರಿಂದ ಹಣ ಕೊಡುವ ಮುನ್ನ ನಿಮ್ಮ ಯಂತ್ರಗಳು ಅದಕ್ಕೆ ಒಗ್ಗುತ್ತವೆಯೇ ಎಂದು ನೋಡಿಕೊಳ್ಳಿ.

ಕಾನೂನಿನ ವಿಷಯದಲ್ಲಿ, ‘ಹಾಕಿಕೊಟ್ಟವರು ಬೇರೆಯವರು’ ಎಂಬ ಸಮಾಧಾನ ಹೆಚ್ಚು ದೂರ ಬರುವುದಿಲ್ಲ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 63ಬಿ ಕಲಮಿನ ಪ್ರಕಾರ, ನಕಲಿ ಪ್ರತಿಯೆಂದು ತಿಳಿದೂ ಅದನ್ನು ಕಂಪ್ಯೂಟರಿನಲ್ಲಿ ಬಳಸುವುದೇ ಅಪರಾಧ. 7 ದಿನಗಳಿಂದ 3 ವರ್ಷದವರೆಗೆ ಸೆರೆವಾಸ ಮತ್ತು ₹50,000ದಿಂದ ₹2 ಲಕ್ಷದವರೆಗೆ ದಂಡ ವಿಧಿಸಬಹುದು. ವ್ಯಾಪಾರದ ಲಾಭಕ್ಕಾಗಿ ಬಳಸದವರಿಗೆ ಸೆರೆವಾಸ ಬಿಟ್ಟು ದಂಡ ಮಾತ್ರ ಹಾಕುವ ಅವಕಾಶ ನ್ಯಾಯಾಲಯಕ್ಕಿದೆ, ಆದರೆ ಅಂಗಡಿ ನಡೆಸುವವರಿಗೆ ಆ ರಿಯಾಯಿತಿ ಸಿಗುವುದು ಕಷ್ಟ. ಪೇಜ್‌ಮೇಕರ್ ಹಳೆಯದಾಯಿತು, ಕಂಪನಿಯೇ ಕೈಬಿಟ್ಟಿದೆ, ಇನ್ನೇನು ಎಂಬ ಮಾತನ್ನು ಡಿಟಿಪಿ ಮಾಡುವವರಿಂದ ಆಗಾಗ ಕೇಳುತ್ತೇನೆ. ಅದರ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ; ಕಂಪನಿಯ ಹೆಸರಿನಲ್ಲಿ ಪ್ರಕಟವಾದ ಕೃತಿಗೆ ನಮ್ಮಲ್ಲಿ 60 ವರ್ಷ ಹಕ್ಕುಸ್ವಾಮ್ಯವಿರುವುದರಿಂದ 2061ರವರೆಗೆ ಅದು ಉಚಿತವಾಗುವುದಿಲ್ಲ.

ನನ್ನ ದೃಷ್ಟಿಯಲ್ಲಿ ದಂಡಕ್ಕಿಂತ ದೊಡ್ಡ ಅಪಾಯ ಬೇರೆಯೇ ಇದೆ. ಪರವಾನಗಿಯಿಲ್ಲದೆಯೂ ತಂತ್ರಾಂಶ ನಡೆಯುವಂತೆ ಮಾಡುವ ಕ್ರ್ಯಾಕ್ ಎಂಬ ಕಡತವನ್ನು ಹಾಕುವಾಗ ಮೊದಲು ಆಂಟಿವೈರಸ್ ಆಫ್ ಮಾಡಿಸುತ್ತಾರೆ, ನಂತರ ಅಪ್‌ಡೇಟನ್ನೂ ನಿಲ್ಲಿಸಿಬಿಡುತ್ತಾರೆ. ಆ ಪುಟ್ಟ ಕಡತ ಯಂತ್ರದೊಳಗೆ ಮತ್ತೇನು ಮಾಡುತ್ತಿದೆಯೆಂದು ಹಾಕಿದವರಿಗೂ ತಿಳಿದಿರುವುದಿಲ್ಲ. ನಿಮ್ಮಂಥ ಅಂಗಡಿಯ ಡೌನ್‌ಲೋಡ್ ಫೋಲ್ಡರಿನಲ್ಲಿ ಊರಿನ ಅರ್ಧ ಜನರ ಆಧಾರ್ ಕಾರ್ಡು, ಪಹಣಿ, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿಗಳು ಬಿದ್ದಿರುತ್ತವೆ. ಅವನ್ನು ದಿನದ ಕೊನೆಗೆ ಅಳಿಸುವ ರೂಢಿಯೂ ಬಹಳ ಅಂಗಡಿಗಳಲ್ಲಿ ಇಲ್ಲ. ನೀವಾದರೂ ಇಂದಿನಿಂದಲೇ ಅದನ್ನು ಶುರುಮಾಡಿ.

ಇನ್ನು ಲಿನಕ್ಸ್. ಎರಡೂ ಯಂತ್ರಗಳನ್ನು ಒಟ್ಟಿಗೆ ಬದಲಾಯಿಸಬೇಡಿ. ಅರ್ಜಿ ತುಂಬುವುದು, ಪಹಣಿ ತೆಗೆಯುವುದು, ಸೇವಾ ಸಿಂಧು, ಪತ್ರ ಟೈಪ್ ಮಾಡುವುದು ಮುಂತಾದವು ಬಹುಮಟ್ಟಿಗೆ ಬ್ರೌಸರಿನಲ್ಲೂ ಉಚಿತ ಕಚೇರಿ ತಂತ್ರಾಂಶವಾದ ಲಿಬ್ರೆ ಆಫೀಸಿನಲ್ಲೂ ಮುಗಿಯುವ ಕೆಲಸಗಳಾದ್ದರಿಂದ ಒಂದು ಯಂತ್ರಕ್ಕೆ ಲಿನಕ್ಸಿನ ಒಂದು ರೂಪವಾದ ಲಿನಕ್ಸ್ ಮಿಂಟ್ ಹಾಕಬಹುದು. 4 ಜಿಬಿ ರ್‍ಯಾಮ್ ಇರುವ ಹಳೆಯ ಯಂತ್ರಕ್ಕೆ ಅದರ ಎಕ್ಸ್‌ಎಫ್‌ಸಿಇ ಆವೃತ್ತಿ ಹಗುರ. ಕನ್ನಡ ಟೈಪಿಂಗ್‌ಗೆ ನುಡಿ ತಂತ್ರಾಂಶದಲ್ಲಿ ನೀವು ಬಳಸುವ ಕಗಪ ಕೀಲಿಮಣೆಯ ವಿನ್ಯಾಸವೇ ಅಲ್ಲೂ ಸಿಗುವುದರಿಂದ ಬೆರಳುಗಳಿಗೆ ಹೊಸ ಪಾಠ ಬೇಕಿಲ್ಲ. ಆದರೆ ಬೆರಳಚ್ಚು ಪಡೆಯುವ ಸಾಧನವಿದ್ದರೆ ಅದರ ತಂತ್ರಾಂಶ ಬಹುತೇಕ ವಿಂಡೋಸಿಗೇ ಸಿದ್ಧವಾಗಿರುತ್ತದೆ. ಮುದ್ರಕದ ಮಾತೂ ಹಾಗೆಯೇ: ಎಚ್‌ಪಿಯ ಹೆಚ್ಚಿನ ಮಾದರಿಗಳು ಲಿನಕ್ಸಿನಲ್ಲಿ ಸಲೀಸಾಗಿ ನಡೆಯುತ್ತವೆ, ನಮ್ಮ ಅಂಗಡಿಗಳಲ್ಲಿ ಎಲ್ಲೆಲ್ಲೂ ಕಾಣುವ ಕ್ಯಾನನ್ ಎಲ್‌ಬಿಪಿ 2900 ಮಾತ್ರ ಸತಾಯಿಸುತ್ತದೆ. ಹೀಗಾಗಿ ಮಿಂಟನ್ನು ಪೆನ್‌ಡ್ರೈವಿಗೆ ಹಾಕಿ, ಡಿಸ್ಕಿಗೆ ಕೈ ಹಚ್ಚದೆ ಅಲ್ಲಿಂದಲೇ ಚಾಲೂ ಮಾಡಿ, ನಿಮ್ಮ ಮುದ್ರಕ ಮತ್ತು ಸ್ಕ್ಯಾನರ್ ನಡೆಯುತ್ತವೆಯೇ ಎಂದು ಮೊದಲು ಪರೀಕ್ಷಿಸಿ.

ಡೌನ್‌ಲೋಡ್ ಸುಮಾರು 3 ಜಿಬಿ ಆಗುತ್ತದೆ. ಮಳೆಗಾಲದಲ್ಲಿ ನೆಟ್‌ವರ್ಕ್ ಕೈಕೊಟ್ಟರೆ ಇಳಿಸಿಕೊಂಡ ಸ್ನೇಹಿತರಿಂದ ಪೆನ್‌ಡ್ರೈವಿನಲ್ಲಿ ಪಡೆದುಕೊಳ್ಳಿ. ಲಿನಕ್ಸಿನ ಪರವಾನಗಿಯೇ ಪ್ರತಿ ಮಾಡಿ ಹಂಚುವ ಹಕ್ಕನ್ನು ಕೊಟ್ಟಿರುವುದರಿಂದ ಅದು ಕಳ್ಳಪ್ರತಿಯಾಗುವುದಿಲ್ಲ.

ಲಗ್ನಪತ್ರಿಕೆ ಮಾಡುವ ಎರಡನೆಯ ಯಂತ್ರದಲ್ಲಿ ತೊಡಕು ವಿಂಡೋಸಿನದಲ್ಲ, ಅದರ ಮೇಲಿರುವ ತಂತ್ರಾಂಶದ್ದು. ನುಡಿಯ ಹಳೆಯ ಆಸ್ಕಿ ಫಾಂಟಿನಲ್ಲಿ, ಅಂದರೆ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ರೂಪಗಳನ್ನಿಟ್ಟ ಫಾಂಟಿನಲ್ಲಿ, ಕೂರಿಸಿದ ಪತ್ರಿಕೆಯ ಕೋರೆಲ್ ಕಡತವನ್ನು ಕೋರೆಲ್‌ಡ್ರಾದಂಥದೇ ಉಚಿತ ತಂತ್ರಾಂಶವಾದ ಇಂಕ್‌ಸ್ಕೇಪಿನಲ್ಲಿ ತೆರೆದು ನೋಡಿ. ಅಂಚಿನ ಬಳ್ಳಿ, ಮೇಲಿನ ಗಣಪತಿ ಸಾಮಾನ್ಯವಾಗಿ ಬರುತ್ತವೆ. ಆದರೆ ಫಾಂಟ್ ಇಲ್ಲದಿದ್ದರೆ ವಧೂವರರ ಹೆಸರಿನ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಕಲೆತ ಸಾಲೊಂದು ಕಾಣುತ್ತದೆ. ಫಾಂಟ್ ಹಾಕಿದರೆ ಹೆಸರು ಮರಳುತ್ತದೆ, ಸಾಲುಗಳ ಅಂತರ ಮಾತ್ರ ಕದಲಿರಬಹುದು. ಕೋರೆಲ್‌ನ ಹೊಸ ಆವೃತ್ತಿಯ ಕಡತವಾದರೆ ತೆರೆಯದೆಯೂ ಹೋಗಬಹುದು. ಮದುವೆಯ ಋತುವಿನಲ್ಲಿ ಈ ಕಿರಿಕಿರಿ ಯಾರಿಗೂ ಬೇಡ. ಆದ್ದರಿಂದ ಈ ಯಂತ್ರಕ್ಕೆ ಬಿಲ್ಲು ಸಹಿತ ವಿಂಡೋಸ್ ಮತ್ತು ಕೋರೆಲ್‌ಡ್ರಾ ಎರಡನ್ನು ಮಾತ್ರ ಕೊಂಡು, ಉಳಿದ ಕ್ರ್ಯಾಕ್‌ಗಳನ್ನು ತೆಗೆದುಹಾಕಿ. ಫೋಟೋಶಾಪ್ ಈಗ ಚಂದಾ ಕಟ್ಟಿದರೆ ಮಾತ್ರ ಸಿಗುತ್ತದೆ. ಪಾಸ್‌ಪೋರ್ಟ್ ಅಳತೆಯ ಫೋಟೋ ಕತ್ತರಿಸಿ ಹಿನ್ನೆಲೆ ಬದಲಿಸುವಷ್ಟಕ್ಕೆ ಉಚಿತವಾದ ಗಿಂಪ್ ಧಾರಾಳವಾಗಿ ಸಾಕು. ಪುಟವಿನ್ಯಾಸಕ್ಕೆ ಸ್ಕ್ರೈಬಸ್ ಇದೆ, ಆಫ್‌ಸೆಟ್‌ಗೆ ಬೇಕಾದ ನಾಲ್ಕು ಬಣ್ಣಗಳ ಪಿಡಿಎಫ್ ಕೊಡುತ್ತದೆ, ಕಲಿಯಲು ಸ್ವಲ್ಪ ತಾಳ್ಮೆ ಬೇಕು. ಹೊಸ ಕೆಲಸಗಳನ್ನೆಲ್ಲ, ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಸಂಕೇತವಿರುವ ಯೂನಿಕೋಡಿನಲ್ಲೇ ಟೈಪ್ ಮಾಡುತ್ತ ಬಂದರೆ ಮುಂದೆ ಯಾವ ತಂತ್ರಾಂಶಕ್ಕೆ ಹೋದರೂ ಅಕ್ಷರಗಳು ನಿಮ್ಮ ಕೈತಪ್ಪುವುದಿಲ್ಲ.

ಪ್ರಶ್ನೆ: ಸಾಗರದ ಬಿ.ಕಾಂ. ವಿದ್ಯಾರ್ಥಿನಿ. ಲ್ಯಾಪ್‌ಟಾಪ್ ಜೊತೆ ವಿಂಡೋಸ್ 11 ಬಂದಿದೆ. ಲಿನಕ್ಸಿನ ಇನ್ನೊಂದು ರೂಪವಾದ ಉಬುಂಟು ಹಾಕಿದರೆ ಆ ಪರವಾನಗಿ ಕಳೆದುಹೋಗುತ್ತದೆಯೇ?

ಉತ್ತರ: ಹೋಗುವುದಿಲ್ಲ. ಈಗಿನ ಲ್ಯಾಪ್‌ಟಾಪುಗಳಲ್ಲಿ ವಿಂಡೋಸ್ ಕೀ ಸಾಮಾನ್ಯವಾಗಿ ಮದರ್‌ಬೋರ್ಡಿನ ಫರ್ಮ್‌ವೇರಿನಲ್ಲೇ ಇರುತ್ತದೆ. ಡಿಸ್ಕನ್ನು ಪೂರ್ತಿ ಅಳಿಸಿ ಮುಂದೊಮ್ಮೆ ಅದೇ ವಿಂಡೋಸ್ ಹಾಕಿದರೂ ತಾನಾಗಿ ಆಕ್ಟಿವೇಟ್ ಆಗುತ್ತದೆ. ಆದರೂ ಬಿ.ಕಾಂ. ಓದುತ್ತಿರುವ ನಿಮಗೆ ಲೆಕ್ಕಪತ್ರದ ತಂತ್ರಾಂಶವಾದ ಟ್ಯಾಲಿ ಬೇಕಾಗುತ್ತದೆ, ಟ್ಯಾಲಿ ಪ್ರೈಮ್ ವಿಂಡೋಸಿಗಾಗಿಯೇ ಇರುವ ತಂತ್ರಾಂಶ, ಹಾಗಾಗಿ ವಿಂಡೋಸ್ ಉಳಿಸಿಕೊಂಡು ಪಕ್ಕದಲ್ಲಿ ಉಬುಂಟು ಹಾಕಿಕೊಳ್ಳಿ. ಕಲಿಯುವುದಕ್ಕೆ ಟ್ಯಾಲಿಯ ಕ್ರ್ಯಾಕ್ ಬೇಕಾಗಿಲ್ಲ. ಅದರಲ್ಲೇ ಎಜುಕೇಷನಲ್ ಮೋಡ್ ಎಂಬ ಉಚಿತ ವ್ಯವಸ್ಥೆಯಿದೆ. ಡಿಸ್ಕ್ ಭಾಗ ಮಾಡುವ ಮೊದಲು ಕಡತಗಳ ಬ್ಯಾಕಪ್ ತೆಗೆದು, ಡಿಸ್ಕಿಗೆ ಬೀಗ ಹಾಕುವ ವಿಂಡೋಸ್ ವ್ಯವಸ್ಥೆಯಾದ ಬಿಟ್‌ಲಾಕರಿನ ರಿಕವರಿ ಕೀಯನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಬೂಟ್ ಕ್ರಮ ಬದಲಾದಾಗ ಲ್ಯಾಪ್‌ಟಾಪ್ ಅದನ್ನು ಕೇಳಬಹುದು, ಕೊಡಲಾಗದಿದ್ದರೆ ಒಳಗಿನ ಕಡತಗಳು ತೆರೆಯುವುದಿಲ್ಲ.