ಸೊಂಟದಲ್ಲಿ ಪಿಸ್ತೂಲಿದ್ದ ಮೇಲೆ ಜೊತೆಗೊಂದು ಚಾಕು ಬೇಕೇ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ಪರವಾನಗಿ ಪಡೆದ ಪಿಸ್ತೂಲು ದಿನವೂ ನಿಮ್ಮ ಸೊಂಟದಲ್ಲಿರುತ್ತದೆ. ಜೊತೆಗೊಂದು ಚಾಕುವೂ ಇರಲಿ ಎಂದು ಗೆಳೆಯರೊಬ್ಬರು ಹೇಳುತ್ತಿದ್ದಾರೆ. ಗುಂಡು ಖಾಲಿಯಾದರೆ ಅಥವಾ ಪಿಸ್ತೂಲೇ ಕೈಕೊಟ್ಟರೆ ಚಾಕು ಕಾಪಾಡುತ್ತದೆ ಎನ್ನುವುದು ಅವರ ವಾದ. ಇದು ಸರಿಯೇ?

ಚಾಕು ಬೇಕಾಗಬಹುದು, ಆದರೆ ಈ ಕಾರಣಕ್ಕಲ್ಲ. ಬಹುಮಂದಿಗಂತೂ ಬೇಕಾಗಿಯೇ ಇಲ್ಲ. ನಾನು ಪಿಸ್ತೂಲು ತರಬೇತಿಯಲ್ಲಿ, ಅದರಲ್ಲೂ ಮೈಗೆ ಮೈ ತಾಗುವಷ್ಟು ಹತ್ತಿರದ ಹೊಡೆದಾಟದ ಅಭ್ಯಾಸದಲ್ಲಿ ಬಹಳ ಕಾಲದಿಂದ ಇರುವವನು. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಗುಂಡು ಖಾಲಿಯಾದ ಕಥೆಯನ್ನು ಮೊದಲು ಮುಗಿಸಿಬಿಡೋಣ. ಖಾಲಿಯಾದಾಗ ಎದುರಿನವನು ನಿಮ್ಮಿಂದ ಹತ್ತು ಹೆಜ್ಜೆ ದೂರದಲ್ಲಿದ್ದಾನೆ ಅಂತಿಟ್ಟುಕೊಳ್ಳಿ. ಚಾಕು ತೆಗೆದು ಏನು ಮಾಡುತ್ತೀರಿ, ಅವನತ್ತ ಓಡಿ ಹೋಗುತ್ತೀರಾ? ಅಲ್ಲಿ ಬೇಕಾದದ್ದು ಗುಂಡು ತುಂಬಿದ ಇನ್ನೊಂದು ಮ್ಯಾಗಜೀನ್, ಇಲ್ಲವೇ ಮರೆ, ಇಲ್ಲವೇ ಓಡಲು ಕಾಲು. ಪಿಸ್ತೂಲು ಸಿಕ್ಕಿಹಾಕಿಕೊಂಡರೂ ಅಷ್ಟೇ: ಅದನ್ನು ಸರಿಪಡಿಸಿಕೊಳ್ಳುವುದನ್ನು ಕಲಿಯಬೇಕು. ದೂರದಲ್ಲಿರುವವನ ಎದುರು ಚಾಕುವಿಗೆ ಕೆಲಸವೇ ಇಲ್ಲ.

ಕೆಲಸ ಇರುವುದು ಹತ್ತಿರದಲ್ಲಿ. ಅಭ್ಯಾಸದ ಹಾಸಿನ ಮೇಲೆ, ತಲೆಗೆ ಹೆಲ್ಮೆಟ್ ಹಾಕಿ, ಬಣ್ಣದ ಗುಂಡು ಹಾರಿಸುವ ತರಬೇತಿ ಪಿಸ್ತೂಲು ಕೊಟ್ಟು ಬಿಟ್ಟರೆ ಏನಾಗುತ್ತದೆ ಅಂತ ಹೇಳುತ್ತೇನೆ. ಎದುರಿನವನು ಏನೋ ವಿಳಾಸ ಕೇಳುವ ಹಾಗೆ ಮಾತಾಡುತ್ತಲೇ ಹತ್ತಿರ ಬರುತ್ತಾನೆ. ಮುಖಕ್ಕೆ ಒಂದು ಏಟು ಬೀಳುತ್ತದೆ. ಏಟು ತಿಂದವನ ಬಲಗೈ ತಾನಾಗಿ ಸೊಂಟಕ್ಕೆ ಹೋಗುತ್ತದೆ. ಅವನು ಅಂಗಿ ಎತ್ತುವಷ್ಟರಲ್ಲಿ ಅಲ್ಲೇನಿದೆ ಎಂದು ಮೇಲೆ ಬಿದ್ದವನಿಗೆ ಗೊತ್ತಾಗಿಹೋಗಿರುತ್ತದೆ. ಅವನು ಎರಡೂ ಕೈಯಿಂದ ಆ ಮಣಿಕಟ್ಟನ್ನು ಅವುಚಿ ಹಿಡಿದು ಮೈಭಾರವನ್ನೆಲ್ಲ ಅದರ ಮೇಲೆ ಹೇರುತ್ತಾನೆ. ಪಿಸ್ತೂಲು ಹೋಲ್‌ಸ್ಟರಿನಿಂದ (ಪಿಸ್ತೂಲಿನ ಒರೆಯಿಂದ) ಅರ್ಧ ಹೊರಗೆ, ಅರ್ಧ ಒಳಗೆ. ಈಗ ಬಲಗೈ ಬಿಡುವಂತಿಲ್ಲ, ಬಿಟ್ಟರೆ ಪಿಸ್ತೂಲು ಅವನದು. ಎಳೆಯುವಂತೆಯೂ ಇಲ್ಲ. ಉಳಿದದ್ದು ಎಡಗೈ ಒಂದೇ. ಚಾಕು ಎಲ್ಲಿದೆ? ಪ್ಯಾಂಟಿನ ಬಲಗಡೆಯ ಜೇಬಿನಲ್ಲಿ, ಇಬ್ಬರ ಮೈ ನಡುವೆ, ಎಡಗೈಗೆ ಸಿಗದ ಜಾಗದಲ್ಲಿ.

ಬಲಗಡೆಯೇ ಯಾಕೆ ಇರುತ್ತದೆ ಎಂದರೆ ಚಾಕು ಬರುವುದೇ ಹಾಗೆ. ಮಡಚುವ ಚಾಕುವಿಗೆ ಜೇಬಿನ ಅಂಚಿಗೆ ಸಿಕ್ಕಿಸುವ ಕ್ಲಿಪ್ ಜನಪ್ರಿಯವಾದದ್ದು 1981ರಲ್ಲಿ ಸ್ಪೈಡರ್ಕೋ ಕಂಪನಿ ಅಂಥದ್ದೊಂದನ್ನು ಮಾರುಕಟ್ಟೆಗೆ ಬಿಟ್ಟ ಮೇಲೆ. ಬಲಗೈಯಲ್ಲಿ ತೆಗೆದು ಬಲಗೈ ಹೆಬ್ಬೆರಳಲ್ಲಿ ಬಿಚ್ಚಲು ಅದು ಬಹಳ ಅನುಕೂಲ. ಡಬ್ಬಿ ಒಡೆಯಲು, ಹಗ್ಗ ಕತ್ತರಿಸಲು ಅದಕ್ಕಿಂತ ಚೆನ್ನಾದ ವ್ಯವಸ್ಥೆ ಇಲ್ಲ. ಆದರೆ ಬಲಗೈಗೆ ಆಗಲೇ ಪಿಸ್ತೂಲಿನ ಕೆಲಸ ಹಚ್ಚಿದ್ದೀರಿ. ಎರಡು ಆಯುಧವನ್ನೂ ಒಂದೇ ಕೈಗೆ ಒಪ್ಪಿಸಿ ಇನ್ನೊಂದು ಕೈಯನ್ನು ಖಾಲಿ ಬಿಟ್ಟವರೇ ಹೆಚ್ಚು.

ಜಾಗ ಬದಲಿಸಿ ಎಡಗಡೆ ಇಟ್ಟಿರಿ ಅಂತಲೇ ಇಟ್ಟುಕೊಳ್ಳೋಣ. ಮಡಚುವ ಚಾಕುವಿನಲ್ಲಿ ಮೂರು ಕೆಲಸಗಳಿವೆ: ಹೊರಗೆ ತೆಗೆಯಬೇಕು, ಬಿಚ್ಚಬೇಕು, ಅಲಗು ಲಾಕ್ ಆಗಬೇಕು. ಕನ್ನಡಿ ಮುಂದೆ ನಿಂತು ಮಾಡಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಆಗುತ್ತದೆ. ಆದರೆ ಎದೆಯ ಮೇಲೆ ಒಬ್ಬ ಕೂತಿದ್ದು, ಅಂಗಿ ಮುದುಡಿ ಕ್ಲಿಪ್ ಮೇಲೆ ಬಿದ್ದು, ಬೆರಳು ಬೆವರಿನಿಂದ ಜಾರುತ್ತಿದ್ದರೆ? ಅರ್ಧ ಬಿಚ್ಚಿದ ತರಬೇತಿ ಚಾಕುಗಳು ಹಾಸಿನ ಮೇಲೆ ಬೀಳುವುದನ್ನು ನೋಡಿ ನೋಡಿ ಸಾಕಾಗಿದೆ. ಎಮರ್ಸನ್ ಕಂಪನಿಯ ಚಾಕುಗಳಲ್ಲಿ ಅಲಗಿನ ಬೆನ್ನಿನ ಮೇಲೆ ಒಂದು ಕೊಕ್ಕೆ ಇರುತ್ತದೆ, ಜೇಬಿನಿಂದ ಎಳೆಯುವಾಗಲೇ ಅದು ಬಟ್ಟೆಗೆ ಸಿಕ್ಕಿ ಚಾಕು ಬಿಚ್ಚಿಕೊಳ್ಳುತ್ತದೆ. ಜಾಣ ಉಪಾಯ, ಒಪ್ಪುತ್ತೇನೆ. ಅದಕ್ಕೂ ಕೈಯನ್ನು ಒಂದು ನಿರ್ದಿಷ್ಟ ಓರೆಯಲ್ಲಿ ಎಳೆಯಲು ಜಾಗ ಬೇಕು, ನೆಲಕ್ಕೆ ಬಿದ್ದಾಗ ಆ ಜಾಗ ಸಿಗುವುದೇ ಕಷ್ಟ.

ಹೀಗಾಗಿ ಈ ಒಂದು ಕೆಲಸಕ್ಕಾಗಿಯೇ ಮಾಡಿದ ಚಾಕುಗಳು ಮಡಚುವುದಿಲ್ಲ. ಅಲಗು ಚಿಕ್ಕದು, ಒರೆಯಿಂದ ಎಳೆದರೆ ಮುಗಿಯಿತು. ಕೆ-ಬಾರ್ ಕಂಪನಿಯ ಟಿಡಿಐ ಚಾಕುವನ್ನು ಜಾನ್ ಬೆನ್ನರ್ ಎಂಬ ತರಬೇತುದಾರರು ರೂಪಿಸಿದ್ದು ಪೊಲೀಸರಿಗಾಗಿ, ಪಿಸ್ತೂಲಿಗೆ ಕೈಹಾಕಿದವನನ್ನು ಬಿಡಿಸಿಕೊಳ್ಳಲು. ಅದರ ಹಿಡಿಯೇ ಪಿಸ್ತೂಲಿನ ಹಿಡಿಯ ಹಾಗೆ ಬಾಗಿದೆ. ಕ್ರೇಗ್ ಡಗ್ಲಸ್ ಎಂಬ ಇನ್ನೊಬ್ಬ ತರಬೇತುದಾರರು ರೂಪಿಸಿದ ಕ್ಲಿಂಚ್ ಪಿಕ್ ಎಂಬ ಚಾಕು ಕೂಡ ಇದೇ ಜಾತಿಯದು, ಅದನ್ನು ಹೊಟ್ಟೆಯ ಮುಂಭಾಗದಲ್ಲಿ, ಯಾವ ಕೈ ಖಾಲಿಯಿದೆಯೋ ಆ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳುತ್ತಾರೆ. ಈ ಎರಡರ ಹಿಂದೆಯೂ ಇರುವ ಆಲೋಚನೆ ಒಂದೇ. ಚಾಕು ಇಲ್ಲಿ ಪಿಸ್ತೂಲಿನ ಬದಲಿ ಅಲ್ಲ, ಪಿಸ್ತೂಲನ್ನು ಉಳಿಸಿಕೊಳ್ಳುವ ಸಾಧನ. ಮಣಿಕಟ್ಟಿನ ಮೇಲಿನ ಹಿಡಿತ ಬಿಟ್ಟಿತೋ, ಅದರ ಕೆಲಸ ಮುಗಿಯಿತು.

ಅಷ್ಟು ಹತ್ತಿರದಲ್ಲಿ ಪಿಸ್ತೂಲೇ ಸಾಕಲ್ಲವೇ ಅಂತ ಕೇಳಬಹುದು. ಎಷ್ಟೋ ಸಲ ಸಾಕು. ಆದರೆ ಹಲವು ಪಿಸ್ತೂಲುಗಳಲ್ಲಿ ಒಂದು ತೊಡಕಿದೆ. ನಳಿಗೆಯ ಬಾಯಿಯನ್ನು ಮೈಗೆ ಒತ್ತಿ ಹಿಡಿದರೆ ಸ್ಲೈಡ್ (ಪಿಸ್ತೂಲಿನ ಮೇಲ್ಭಾಗದಲ್ಲಿ ಹಿಂದೆ ಮುಂದೆ ಸರಿಯುವ ಲೋಹದ ಭಾಗ) ಕೂದಲೆಳೆಯಷ್ಟು ಹಿಂದೆ ಸರಿಯುತ್ತದೆ, ಟ್ರಿಗರ್ ಎಳೆದರೂ ಗುಂಡು ಹಾರುವುದಿಲ್ಲ. ಹಾರಿದರೂ ಬಟ್ಟೆಗೋ ಕೈಗೋ ಸಿಕ್ಕಿ ಸ್ಲೈಡ್ ಪೂರ್ತಿ ಹಿಂದಕ್ಕೆ ಹೋಗಿ ಬರದಿದ್ದರೆ ಎರಡನೆಯ ಗುಂಡು ಇಲ್ಲ, ಅದನ್ನು ಸರಿಪಡಿಸಲು ಎರಡು ಕೈ ಬೇಕು. ರಿವಾಲ್ವರಿನಲ್ಲಿ ಸ್ಲೈಡ್ ಇಲ್ಲದ್ದರಿಂದ ಈ ತಾಪತ್ರಯವಿಲ್ಲ. ಆದರೆ ಗುಂಡು ತುಂಬಿದ, ತಿರುಗುವ ಅದರ ಸಿಲಿಂಡರನ್ನು ಬಿಗಿಯಾಗಿ ಹಿಡಿದುಕೊಂಡವನಿದ್ದರೆ ಅದೂ ತಿರುಗುವುದಿಲ್ಲ.

ಈ ಚರ್ಚೆಯಲ್ಲಿ 21 ಅಡಿಯ ಲೆಕ್ಕವನ್ನು ಯಾರಾದರೂ ಎತ್ತೇ ಎತ್ತುತ್ತಾರೆ. ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಪೊಲೀಸ್ ತರಬೇತುದಾರ ಡೆನಿಸ್ ಟ್ಯುಲ್ಲರ್ 1983ರಲ್ಲಿ ಬರೆದದ್ದು ಅದು. ಚಾಕು ಹಿಡಿದವನು 21 ಅಡಿಯನ್ನು, ಅಂದರೆ ಆರೂವರೆ ಮೀಟರಿನಷ್ಟನ್ನು, ಸುಮಾರು ಒಂದೂವರೆ ಸೆಕೆಂಡಿನಲ್ಲಿ ಓಡಿ ದಾಟುತ್ತಾನೆ. ಹೋಲ್‌ಸ್ಟರಿನಿಂದ ಪಿಸ್ತೂಲು ತೆಗೆದು ಗುರಿಯಿಟ್ಟು ಹೊಡೆಯಲು ಪಳಗಿದವನಿಗೂ ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು. ಇದನ್ನು ಕೇಳಿದವರು "ನೋಡಿ, ಚಾಕುವೇ ಮೇಲು, ನಾನೂ ಒಂದು ಇಟ್ಟುಕೊಳ್ಳುತ್ತೇನೆ" ಎಂದುಬಿಡುತ್ತಾರೆ. ಆ ಲೆಕ್ಕದಲ್ಲಿ ಗೆಲ್ಲುತ್ತಿರುವವನು ಮೊದಲೇ ಚಾಕು ಕೈಯಲ್ಲಿ ಹಿಡಿದು, ಮೊದಲೇ ಓಡಲು ತೀರ್ಮಾನಿಸಿದವನು. ತನ್ನನ್ನು ಕಾಪಾಡಿಕೊಳ್ಳಬೇಕಾದವನ ಬಳಿ ಆ ಎರಡೂ ಇರುವುದಿಲ್ಲ. ಅವನ ಚಾಕು ಇನ್ನೂ ಒರೆಯಲ್ಲಿದೆ. 21 ಅಡಿಯನ್ನು ಕಾನೂನಿನ ಗೆರೆ ಎಂದುಕೊಂಡವರೂ ಇದ್ದಾರೆ. ಅದು ಕಾನೂನೂ ಅಲ್ಲ, ಅಷ್ಟರೊಳಗೆ ಬಂದವನಿಗೆಲ್ಲ ಗುಂಡು ಹೊಡೆಯಬಹುದೆಂಬ ಪರವಾನಗಿಯೂ ಅಲ್ಲ.

ಕಾನೂನಿನ ಮಾತು ಬಂತಲ್ಲ, ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಹಳ ಗಟ್ಟಿಯಾಗಿ ಕೂತಿದೆ: ಪಿಸ್ತೂಲು ಎಂದರೆ ಕೊಲ್ಲುವುದು, ಚಾಕು ಎಂದರೆ ಹೆದರಿಸುವುದು ಅಂತ. ನ್ಯಾಯಾಲಯದಲ್ಲಿ ಈ ಭೇದ ನಿಲ್ಲುವುದಿಲ್ಲ. ಎರಡೂ ಪ್ರಾಣ ತೆಗೆಯುವ ಆಯುಧವೇ. ಪಿಸ್ತೂಲು ತೆಗೆಯುವಷ್ಟು ಅಪಾಯ ಇಲ್ಲದ ಕಡೆ ಚಾಕುವನ್ನೂ ತೆಗೆಯುವಂತಿಲ್ಲ. ಪಿಸ್ತೂಲಿಗೆ ಪರವಾನಗಿ ಸಿಕ್ಕಿತೆಂದ ಮಾತ್ರಕ್ಕೆ ಅದು ಚಾಕುವಿಗೂ ಅನ್ವಯಿಸುತ್ತದೆ ಎನ್ನುವಂತೆಯೂ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಮಡಚದ ಚಾಕುವನ್ನು ಬಟ್ಟೆಯೊಳಗೆ ಬಚ್ಚಿಟ್ಟು ಓಡಾಡುವುದು ಅಪರಾಧ. ಅಂದರೆ ನಾನು ಮೇಲೆ ಹೇಳಿದ ಕೆಲಸಕ್ಕೆ ಬರುವ ಚಾಕುವೇ ಅಲ್ಲಿ ನಿಷಿದ್ಧ, ಕೆಲಸಕ್ಕೆ ಬಾರದ ಮಡಚುವ ಚಾಕುವಿಗೆ ಅಡ್ಡಿಯಿಲ್ಲ! ಇಂಗ್ಲೆಂಡಿನಲ್ಲಿ ಲಾಕ್ ಇಲ್ಲದ, 3 ಇಂಚು ಮೀರದ ಮಡಚುವ ಚಾಕುವನ್ನು ಕಾರಣ ಕೊಡದೆ ಇಟ್ಟುಕೊಳ್ಳಬಹುದು, ಆದರೆ "ಆತ್ಮರಕ್ಷಣೆಗೆ" ಎಂದು ಬಾಯಿಬಿಟ್ಟರೆ 1953ರ ಕಾಯ್ದೆಯ ಪ್ರಕಾರ ಅದೇ ಚಾಕು ದಾಳಿಯ ಆಯುಧವಾಗಿಬಿಡುತ್ತದೆ. ಭಾರತದ ಶಸ್ತ್ರಾಸ್ತ್ರ ನಿಯಮಗಳು ಅಡುಗೆಮನೆ, ಹೊಲ, ಕಾರ್ಖಾನೆಯ ಚಾಕುಗಳನ್ನು ಬಿಟ್ಟು, 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗನ್ನು ಆಯುಧದ ಪಟ್ಟಿಗೆ ಸೇರಿಸಿವೆ. ನೀವಿರುವ ಕಡೆಯ ನಿಯಮವನ್ನು ಚಾಕು ಮಾರುವವನ ಬಾಯಿಂದಲ್ಲ, ವಕೀಲರಿಂದ ಕೇಳಿ.

ಇನ್ನೊಂದು ವಿಷಯ ಯಾರೂ ಮುಂಚೆ ಹೇಳುವುದಿಲ್ಲ. ಚಾಕು ಮನುಷ್ಯನನ್ನು ತಕ್ಷಣ ನಿಲ್ಲಿಸುವುದಿಲ್ಲ. ಗಾಯವಾದದ್ದೇ ಗೊತ್ತಾಗದೆ ಗುದ್ದುತ್ತಲೇ ಇರುವವರಿದ್ದಾರೆ, ರಕ್ತ ಹೋಗಿ ಶಕ್ತಿ ಕುಂದುವಷ್ಟರಲ್ಲಿ ನಿಮಗೆ ಆಗಬೇಕಾದ್ದೆಲ್ಲ ಆಗಿರಬಹುದು. ಅದೂ ಅಲ್ಲದೆ ಹಿಡಿಗೆ ಅಡ್ಡಪಟ್ಟಿ ಇಲ್ಲದ ಚಾಕುವಿನಲ್ಲಿ ಕೈ ಮುಂದಕ್ಕೆ ಜಾರಿ ಹಿಡಿದವನ ಬೆರಳೇ ಕತ್ತರಿಸಿಕೊಳ್ಳುವುದು ಸಾಮಾನ್ಯ. ಮನೆಯಲ್ಲಿ ಈರುಳ್ಳಿ ಹೆಚ್ಚುವಾಗ ಕೈ ಕುಯ್ದುಕೊಳ್ಳುವವರು (ನಾನೂ ಆ ಪಂಗಡವೇ) ಇದನ್ನು ಸ್ವಲ್ಪ ಯೋಚಿಸಬೇಕು.

ಹಾಗಾದರೆ ಯಾರಿಗೆ ಬೇಕು? ಪಿಸ್ತೂಲು ಎಲ್ಲರಿಗೂ ಕಾಣುವ ಹಾಗೆ ಧರಿಸಿ, ದಿನವೂ ಜನರನ್ನು ಕೈಯಿಂದ ಹಿಡಿಯಬೇಕಾದವರಿಗೆ: ಪೊಲೀಸರು, ಭದ್ರತಾ ಸಿಬ್ಬಂದಿ. ಅವರ ಪಿಸ್ತೂಲಿಗೆ ಕೈಹಾಕುವವರು ಇದ್ದೇ ಇರುತ್ತಾರೆ. ಅಂಥವರ ಬೆಲ್ಟಿನಲ್ಲಿ ಎಡಗೈಗೆ ಸಿಗುವಂತೆ ಒಂದು ಚಿಕ್ಕ ಚಾಕು ಇರುವುದು ಸರಿ, ಅಭ್ಯಾಸವೂ ಜೊತೆಗಿದ್ದರೆ. ಬಟ್ಟೆಯೊಳಗೆ ಪಿಸ್ತೂಲು ಮುಚ್ಚಿಟ್ಟುಕೊಂಡು ಓಡಾಡುವ ನಿಮ್ಮಂಥವರಿಗೆ ಮೊದಲ ರಕ್ಷಣೆ ಅದು ಯಾರಿಗೂ ಕಾಣದಿರುವುದೇ. ಎರಡನೆಯದು ಕುಸ್ತಿ, ಜೂಡೋ, ಜಿಯು ಜಿತ್ಸು, ಯಾವುದಾದರೂ ಸರಿ. ಯಾರಾದರೂ ಹಿಡಿದುಕೊಂಡಾಗ ಮೊಣಕೈಯನ್ನು ಮೈಗೆ ಒತ್ತಿ ಹೋಲ್‌ಸ್ಟರನ್ನು ಕಾಯುವುದು, ಬಿದ್ದರೆ ಏಳುವುದು, ಅವನ ಕೈ ಬಿಡಿಸುವುದು, ಇಷ್ಟನ್ನು ಮೈಗೆ ಕಲಿಸಿದರೆ ಚಾಕುವಿನ ಅಗತ್ಯವೇ ಅರ್ಧ ಬಿದ್ದುಹೋಗುತ್ತದೆ. ಆ ಅಭ್ಯಾಸ ಇಲ್ಲದವನ ಕೈಗೆ ಚಾಕು ಕೊಟ್ಟರೆ ಕಿತ್ತುಕೊಳ್ಳಲು ಇನ್ನೊಂದು ವಸ್ತು ಸಿಕ್ಕಂತಾಯಿತು ಅಷ್ಟೇ.

ಜೇಬಿನಲ್ಲಿ ಜಾಗ ಇದೆ, ಏನಾದರೂ ಇಡಲೇಬೇಕು ಅಂದರೆ ನನ್ನ ಮೊದಲ ಆಯ್ಕೆ ಪೆಪ್ಪರ್ ಸ್ಪ್ರೇ, ಕಾನೂನು ಬಿಡುವ ಕಡೆ. ಕುಡಿದು ಮೈಮೇಲೆ ಬರುವವನು, ಬೈಯುತ್ತಾ ಹಿಂಬಾಲಿಸುವವನು, ಇಂಥ ಪ್ರಕರಣಗಳೇ ನಿಜಜೀವನದಲ್ಲಿ ಹೆಚ್ಚು. ಅಲ್ಲಿ ಪಿಸ್ತೂಲೂ ಅತಿಯಾಯಿತು, ಚಾಕುವೂ ಅತಿಯಾಯಿತು. ಬರಿಗೈಗೂ ಪಿಸ್ತೂಲಿಗೂ ನಡುವೆ ಏನೂ ಇಟ್ಟುಕೊಳ್ಳದವನು ಆ ಹೊತ್ತಿನಲ್ಲಿ ಇಕ್ಕಟ್ಟಿಗೆ ಸಿಕ್ಕಿಕೊಳ್ಳುತ್ತಾನೆ. ಎರಡನೆಯದು ಒಳ್ಳೆಯ ಟಾರ್ಚು. ಮೂರನೆಯದು ರಕ್ತ ನಿಲ್ಲಿಸುವ ಟೂರ್ನಿಕೆ ಪಟ್ಟಿ. ದೊಡ್ಡ ರಕ್ತನಾಳ ತುಂಡಾದರೆ ಕೆಲವೇ ನಿಮಿಷಗಳಲ್ಲಿ ಪ್ರಾಣ ಹೋಗಬಹುದು, ಆಂಬುಲೆನ್ಸ್ ಅಷ್ಟರಲ್ಲಿ ಬರುವುದಿಲ್ಲ. ಸಾಮಾನ್ಯ ಜನರೂ ರಕ್ತಸ್ರಾವ ನಿಲ್ಲಿಸುವುದನ್ನು ಕಲಿಯಲಿ ಎಂದು ಅಮೆರಿಕದಲ್ಲಿ 2015ರಲ್ಲಿ "ಸ್ಟಾಪ್ ದ ಬ್ಲೀಡ್" ಎಂಬ ಅಭಿಯಾನವನ್ನೇ ಶುರುಮಾಡಿದರು. ಪಿಸ್ತೂಲು ಕಟ್ಟಿಕೊಂಡು ಓಡಾಡುವವನಿಗೆ ಆ ಪಟ್ಟಿ ಅಪಘಾತವಾದ ಕಡೆಯೂ ಉಪಯೋಗಕ್ಕೆ ಬರುತ್ತದೆ.

ಬರೀ ಕತ್ತರಿಸಲು ಒಂದು ಮಡಚುವ ಚಾಕು ಇಟ್ಟುಕೊಳ್ಳಿ, ಯಾರು ಬೇಡ ಅಂದರು? ಸೀಟ್‌ಬೆಲ್ಟ್ ಕತ್ತರಿಸಲು, ಪಾರ್ಸೆಲ್ ಬಿಚ್ಚಲು ನಾನೂ ಇಟ್ಟುಕೊಂಡಿದ್ದೇನೆ. ಆದರೆ ಅಲಗಿನ ಮೇಲೆ ತಲೆಬುರುಡೆ ಕೆತ್ತಿದ, "ಬೇಟೆಗಾರ", "ಸೇಡು" ಅಂತೆಲ್ಲ ಹೆಸರಿಟ್ಟ ಕಪ್ಪು ಚಾಕು ಬೇಡ. ನಾಳೆ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ನ್ಯಾಯಾಧೀಶರ ಮುಂದೆ ಎತ್ತಿ ಹಿಡಿಯುವವರು ನಿಮ್ಮ ಕಡೆಯ ವಕೀಲರಾಗಿರುವುದಿಲ್ಲ.

ಇಷ್ಟಾದ ಮೇಲೂ ಆತ್ಮರಕ್ಷಣೆಗೇ ಬೇಕು ಅನಿಸಿದರೆ, ಕೊಳ್ಳುವ ಮುಂಚೆ ಒಂದು ಪರೀಕ್ಷೆ ಮಾಡಿ. ರಬ್ಬರಿನ ಪಿಸ್ತೂಲು, ರಬ್ಬರಿನ ಚಾಕು ಸಾಕು. ನಿಮಗಿಂತ ತೂಕದ ಗೆಳೆಯರೊಬ್ಬರಿಗೆ ಬಲ ಮಣಿಕಟ್ಟನ್ನು ಎರಡೂ ಕೈಯಿಂದ ಹಿಡಿದು ಗೋಡೆಗೆ ಒತ್ತಲು ಹೇಳಿ. ಎಡಗೈಗೆ ಚಾಕು ಸಿಗುತ್ತದೆಯೇ, ಸಿಕ್ಕ ಮೇಲೆ ಕೈಯಲ್ಲಿ ಉಳಿಯುತ್ತದೆಯೇ ನೋಡಿ. ಚಾಕು ಇಟ್ಟುಕೊಳ್ಳಿ ಅಂತ ಸಲಹೆ ಕೊಟ್ಟ ಗೆಳೆಯರನ್ನೇ ಇದಕ್ಕೆ ಕರೆದರೆ ಇನ್ನೂ ಒಳ್ಳೆಯದು.

ಅಂದಹಾಗೆ, ನೀವು ಎಡಚರಾಗಿದ್ದರೆ ಮೇಲಿನ ಎಡ-ಬಲವನ್ನೆಲ್ಲ ತಿರುಗಿಸಿ ಓದಿಕೊಳ್ಳಿ. ಪಿಸ್ತೂಲು ಎಡಗಡೆ ಇರುವುದರಿಂದ, ಕಂಪನಿ ಹಾಕಿಕೊಟ್ಟ ಬಲಗಡೆಯ ಕ್ಲಿಪ್ಪು ಸರಿಯಾದ ಜಾಗದಲ್ಲೇ ಬಂದಿರುವುದು ನಿಮಗೊಬ್ಬರಿಗೇ.