ಸೋಲುತ್ತಲೇ ಇರುವ ಕಾಲೇಜು ಫುಟ್‌ಬಾಲ್ ತಂಡ ಮೇಲೆ ಬರುವುದು ಹೇಗೆ?

ನೀವು ಕೇಳಿದ್ದು ಇದು: "ಅಮೆರಿಕದ ಒಂದು ಸಣ್ಣ ಊರಿನ ಯೂನಿವರ್ಸಿಟಿಗೆ ಎಂಎಸ್ ಮಾಡಲು ಬಂದಿದ್ದೇನೆ. ಇಲ್ಲಿನ ಫುಟ್‌ಬಾಲ್ ತಂಡ ವರ್ಷ ವರ್ಷ ಸೋಲುತ್ತಿದೆ. ಈಗ ಹೊಸ ಕೋಚ್ ಬಂದಿದ್ದಾರೆ. ಎಲ್ಲರ ಬಾಯಲ್ಲೂ ರಿಕ್ರೂಟಿಂಗ್ ಮಾತು. ಏನಿದು? ಇಂಥ ತಂಡ ನಿಜವಾಗಿ ಮೇಲೆ ಬರುತ್ತದಾ?"

ಬರುತ್ತದೆ. ನಾನು ಓದಿದ ಊರಿನಲ್ಲೇ ಬಂದಿದೆ. (ಇಲ್ಲಿ ಫುಟ್‌ಬಾಲ್ ಅಂದರೆ ಕಾಲಲ್ಲಿ ಒದೆಯುವ ಸಾಕರ್ ಅಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಅಮೆರಿಕನ್ ಫುಟ್‌ಬಾಲ್.)

2009ರ ಆಗಸ್ಟ್‌ನಲ್ಲಿ ನಾನು ಬೆಂಗಳೂರಿನ ಜಿಕೆವಿಕೆಯಿಂದ ಅಗ್ರಾನಮಿ ಓದಲು ಕಾನ್ಸಾಸ್ ಸ್ಟೇಟ್ ಯೂನಿವರ್ಸಿಟಿಗೆ ಹೋದೆ. ಊರಿನ ಹೆಸರು ಮ್ಯಾನ್‌ಹ್ಯಾಟನ್. ನ್ಯೂಯಾರ್ಕಿನದಲ್ಲ, ಕಾನ್ಸಾಸ್‌ನದು. ಸುತ್ತ ಹುಲ್ಲುಗಾವಲು, ಗೋಧಿ ಹೊಲ, ದನ. ಮೊದಲ ಶನಿವಾರವೇ ಇಡೀ ಊರು ನೇರಳೆ ಬಣ್ಣದ ಬಟ್ಟೆ ಹಾಕಿಕೊಂಡು ಒಂದೇ ದಿಕ್ಕಿಗೆ ನಡೆಯುತ್ತಿತ್ತು. ನಮ್ಮೂರ ತೇರಿನ ದಿನ ನೆನಪಾಯಿತು. ಎಲ್ಲರೂ ಹೋಗುತ್ತಿದ್ದ ಸ್ಟೇಡಿಯಂಗೆ ಒಬ್ಬ ಕೋಚ್ ಹೆಸರು ಇಟ್ಟಿದ್ದರು, ಬಿಲ್ ಸ್ನೈಡರ್ ಫ್ಯಾಮಿಲಿ ಸ್ಟೇಡಿಯಂ. ಆ ಮನುಷ್ಯ ಬದುಕಿದ್ದರು. ಅಷ್ಟೇ ಅಲ್ಲ, ನಿವೃತ್ತಿಯಾದವರು ಆ ವರ್ಷವೇ ಮತ್ತೆ ಕೋಚ್ ಆಗಿ ವಾಪಸ್ ಬಂದಿದ್ದರು. ಯಾಕಿಷ್ಟು ಗೌರವ ಅಂತ ಲ್ಯಾಬ್‌ನಲ್ಲಿದ್ದ ಒಬ್ಬ ಹಿರಿಯ ಟೆಕ್ನಿಷಿಯನ್‌ನ ಕೇಳಿದೆ. ಅವರು 1989ರಿಂದ ಶುರುಮಾಡಿದರು. ಆ ಕಥೆ ಹೇಳುವ ಮೊದಲು ರಿಕ್ರೂಟಿಂಗ್ ಬಗ್ಗೆ ಸ್ವಲ್ಪ ಹೇಳಿಬಿಡುತ್ತೇನೆ.

ಐಪಿಎಲ್‌ನಲ್ಲಿ ಹರಾಜು ಇದೆ. ಕೈಯಲ್ಲಿ ದುಡ್ಡಿದ್ದರೆ ಕೊನೇ ಸ್ಥಾನದ ತಂಡವೂ ಒಳ್ಳೆಯ ಆಟಗಾರನನ್ನು ಕೊಳ್ಳಬಹುದು. ಅಮೆರಿಕದ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನಲ್ಲಿ ಡ್ರಾಫ್ಟ್ ಇದೆ. ಅಲ್ಲಿ ಹಿಂದಿನ ವರ್ಷ ಅತಿ ಹೆಚ್ಚು ಸೋತ ತಂಡಕ್ಕೇ ಮೊದಲ ಆಯ್ಕೆ ಸಿಗುತ್ತದೆ. ಕಾಲೇಜು ಫುಟ್‌ಬಾಲ್‌ನಲ್ಲಿ ಇವೆರಡೂ ಇಲ್ಲ. ಹೈಸ್ಕೂಲ್ ಹುಡುಗ ತನಗೆ ಬೇಕಾದ ಕಾಲೇಜನ್ನು ತಾನೇ ಆರಿಸಿಕೊಳ್ಳುತ್ತಾನೆ. ಕೋಚ್‌ಗಳು ಅವನ ಶಾಲೆಗೆ ಹೋಗುತ್ತಾರೆ, ಮನೆಗೆ ಹೋಗುತ್ತಾರೆ, ಅಪ್ಪ ಅಮ್ಮನ ಹತ್ತಿರ ಕೂತು ಮಾತಾಡುತ್ತಾರೆ. ಕ್ಯಾಂಪಸ್‌ಗೆ ಕರೆಸಿ ತೋರಿಸುತ್ತಾರೆ. ಇದೇ ರಿಕ್ರೂಟಿಂಗ್.

ತೊಂದರೆ ಎಲ್ಲಿದೆ ಅಂತ ಗೊತ್ತಾಯಿತಲ್ವಾ? ಗೆಲ್ಲುವ ಕಡೆಗೇ ಒಳ್ಳೆಯ ಹುಡುಗರು ಹೋಗುತ್ತಾರೆ. ಅವರು ಹೋದ ಮೇಲೆ ಆ ತಂಡ ಇನ್ನೂ ಜಾಸ್ತಿ ಗೆಲ್ಲುತ್ತದೆ. ಸೋಲುವ ತಂಡದ ಕೋಚ್ ಒಬ್ಬ ಹುಡುಗನ ಮನೆಗೆ ಹೋಗಿ ಏನು ಹೇಳಬೇಕು? ಇದು ತಾನಾಗಿ ಬಿಚ್ಚಿಕೊಳ್ಳುವ ಗಂಟಲ್ಲ. ಯಾರಾದರೂ ಕೂತು ಬಿಚ್ಚಬೇಕು.

ಕಾನ್ಸಾಸ್ ಸ್ಟೇಟ್‌ನ ಸ್ಥಿತಿ ಇದರಲ್ಲೇ ಅತ್ಯಂತ ಕೆಟ್ಟದ್ದಾಗಿತ್ತು. ದೊಡ್ಡ ಕಾಲೇಜು ತಂಡಗಳಲ್ಲಿ 500 ಪಂದ್ಯ ಸೋತ ಮೊದಲ ತಂಡ ಅದೇ. 1986ರ ಅಕ್ಟೋಬರ್ ಆದ ಮೇಲೆ ಒಂದು ಪಂದ್ಯವನ್ನೂ ಗೆದ್ದಿರಲಿಲ್ಲ. ವರ್ಷದ ಕೊನೆಗೆ ಒಳ್ಳೆಯ ತಂಡಗಳಿಗೆ ಸಿಗುವ ಬೋಲ್ ಪಂದ್ಯ ಅವರ ಇಡೀ ಇತಿಹಾಸದಲ್ಲಿ ಒಂದೇ ಒಂದು ಸಲ, 1982ರಲ್ಲಿ, ಸಿಕ್ಕಿತ್ತು. ಅದನ್ನೂ ಸೋತಿದ್ದರು.

1988ರ ಕೊನೆಯಲ್ಲಿ ಬಿಲ್ ಸ್ನೈಡರ್ ಬಂದರು. ಆಗ ಅವರಿಗೆ 49 ವರ್ಷ. ಅಯೋವಾ ಯೂನಿವರ್ಸಿಟಿಯಲ್ಲಿ ಹೇಡನ್ ಫ್ರೈ ಅವರ ಕೈಕೆಳಗೆ ಅಟ್ಯಾಕ್ ವಿಭಾಗ ನೋಡಿಕೊಂಡಿದ್ದವರು. ಫ್ರೈ ಕೂಡ ಅಯೋವಾವನ್ನು ತಳದಿಂದ ಎತ್ತಿದವರೇ. ಹಾಗಾಗಿ ಈ ಕೆಲಸ ಹೇಗೆ ನಡೆಯುತ್ತದೆ ಅನ್ನುವುದನ್ನು ಸ್ನೈಡರ್ ಹತ್ತಿರದಿಂದ ಕಂಡಿದ್ದರು.

ಮೊದಲ ವರ್ಷ ಏನಾಯಿತು ಗೊತ್ತಾ? 11 ಪಂದ್ಯ ಆಡಿ ಒಂದು ಗೆದ್ದರು. ಆ ಒಂದು ಗೆಲುವು 1989ರ ಸೆಪ್ಟೆಂಬರ್ 30ರಂದು ನಾರ್ತ್ ಟೆಕ್ಸಾಸ್ ವಿರುದ್ಧ, 20–17. ಪಂದ್ಯದ ಕಟ್ಟಕಡೆಯ ಕ್ಷಣದಲ್ಲಿ ಬಂದ ಟಚ್‌ಡೌನ್‌ನಿಂದ (ಚೆಂಡನ್ನು ಎದುರಾಳಿಯ ಕೊನೆಗೆರೆ ದಾಟಿಸುವುದು). 30 ಪಂದ್ಯಗಳ ಬರ ಅಲ್ಲಿಗೆ ಮುಗಿಯಿತು. ನಮ್ಮ ಟೆಕ್ನಿಷಿಯನ್ ಆ ದಿನ ಸ್ಟೇಡಿಯಂನಲ್ಲಿದ್ದರಂತೆ. ಆಮೇಲೆ ಕಂಡ ದೊಡ್ಡ ದೊಡ್ಡ ಗೆಲುವುಗಳಿಗಿಂತ ಅದರ ಬಗ್ಗೆಯೇ ಅವರು ಜಾಸ್ತಿ ಮಾತಾಡುತ್ತಿದ್ದರು. ಮುಂದಿನ ವರ್ಷ 5 ಗೆಲುವು. 1991ರಲ್ಲಿ 7. ಮರುವರ್ಷ ಮತ್ತೆ 5ಕ್ಕೆ ಇಳಿದರು. 1993ರಲ್ಲಿ 9, ಜೊತೆಗೆ ವಯೋಮಿಂಗ್ ವಿರುದ್ಧ 52–17ರಿಂದ ಮೊಟ್ಟಮೊದಲ ಬೋಲ್ ಗೆಲುವು. ಅಂದರೆ ಐದು ವರ್ಷ ಹಿಡಿಯಿತು, ನಡುವೆ ಒಂದು ಸಲ ಜಾರಿದ್ದೂ ಸೇರಿ. 1992ರಲ್ಲಿ ಯೂನಿವರ್ಸಿಟಿಯವರು "ಸಾಕು, ಹೊಸಬರನ್ನು ತರೋಣ" ಅಂದಿದ್ದರೆ ಕಥೆ ಅಲ್ಲೇ ಮುಗಿಯುತ್ತಿತ್ತು. ಆಗ ಅಧ್ಯಕ್ಷರಾಗಿದ್ದ ಜಾನ್ ವೀಫಾಲ್ಡ್ ಹಾಗೆ ಮಾಡಲಿಲ್ಲ. ಇದನ್ನು ಜನ ಮರೆಯುತ್ತಾರೆ, ನನಗೆ ಇದು ಬಹಳ ಮುಖ್ಯ ಅನ್ನಿಸುತ್ತದೆ.

ಆಟಗಾರರನ್ನು ಎಲ್ಲಿಂದ ತಂದರು ಅನ್ನುವುದೇ ನಿಮ್ಮ ಪ್ರಶ್ನೆಯ ತಿರುಳು. ಟೆಕ್ಸಾಸ್, ಫ್ಲೋರಿಡಾ, ಕ್ಯಾಲಿಫೋರ್ನಿಯಾದಲ್ಲಿ ಆಟಗಾರರ ದೊಡ್ಡ ಬೆಳೆಯೇ ಇದೆ. ಕಾನ್ಸಾಸ್‌ನ ಜನಸಂಖ್ಯೆ ಈಗಲೂ 30 ಲಕ್ಷದ ಒಳಗೆ. ಐದು ಸ್ಟಾರ್ ರೇಟಿಂಗ್ ಇರುವ, ಅಂದರೆ ಅತ್ಯುತ್ತಮ ಅನ್ನಿಸಿಕೊಂಡ ಹುಡುಗರ ಹಿಂದೆ ಓಡಿದ್ದರೆ ಸ್ನೈಡರ್‌ಗೆ ಒಬ್ಬನೂ ಸಿಗುತ್ತಿರಲಿಲ್ಲ. ಅವರು ನೋಡಿದ್ದು ಬೇರೆಯವರು ಬಿಟ್ಟ ಕಡೆ.

ಒಂದು, ಜೂನಿಯರ್ ಕಾಲೇಜುಗಳು. ಎರಡು ವರ್ಷದ ಈ ಕಾಲೇಜುಗಳನ್ನು ಅಲ್ಲಿ "ಜೂಕೊ" ಅನ್ನುತ್ತಾರೆ. ಅಂಕ ಕಡಿಮೆ ಬಂದವರು, ತಡವಾಗಿ ಬೆಳೆದವರು, ದೊಡ್ಡ ಕಾಲೇಜುಗಳ ಕಣ್ಣಿಗೆ ಬೀಳದವರು ಅಲ್ಲಿ ಆಡುತ್ತಾರೆ. ಕಾನ್ಸಾಸ್‌ನಲ್ಲಿ ಇಂಥ ಕಾಲೇಜುಗಳು ಬಹಳ, ಬಟ್ಲರ್, ಹಚಿನ್ಸನ್, ಗಾರ್ಡನ್ ಸಿಟಿ ಹೀಗೆ. ಈಗ ಒಕ್ಲಹೋಮಾದ ಹೆಡ್ ಕೋಚ್ ಆಗಿರುವ ಬ್ರೆಂಟ್ ವೆನಬಲ್ಸ್ ಗಾರ್ಡನ್ ಸಿಟಿಯಿಂದ ಬಂದು ಸ್ನೈಡರ್ ಬಳಿ ಆಡಿದವರು. ಎಲ್ಲರಿಗಿಂತ ದೊಡ್ಡ ಹೆಸರು ಮೈಕಲ್ ಬಿಷಪ್. ಟೆಕ್ಸಾಸ್‌ನ ಬ್ಲಿನ್ ಜೂನಿಯರ್ ಕಾಲೇಜಿನಲ್ಲಿ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವವ) ಆಗಿ ಒಂದೂ ಪಂದ್ಯ ಸೋಲದೆ ಬಂದ ಹುಡುಗ. 1998ರಲ್ಲಿ ಅವನಿದ್ದ ಕಾನ್ಸಾಸ್ ಸ್ಟೇಟ್ ತಂಡ ಸತತ 11 ಪಂದ್ಯ ಗೆದ್ದಿತು. ನೆಬ್ರಾಸ್ಕಾ ತಂಡವನ್ನು 1968ರ ನಂತರ ಮೊದಲ ಸಲ ಸೋಲಿಸಿತು, 40–30. ಆ ದಿನ ಜನ ಮೈದಾನಕ್ಕೆ ನುಗ್ಗಿ ಗೋಲ್‌ಪೋಸ್ಟ್ ಕಿತ್ತುಹಾಕಿದರು. ದೇಶದ ಅತ್ಯುತ್ತಮ ಆಟಗಾರನಿಗೆ ಕೊಡುವ ಹೈಸ್‌ಮನ್ ಪ್ರಶಸ್ತಿಯ ಮತದಲ್ಲಿ ಬಿಷಪ್ ಎರಡನೇ ಸ್ಥಾನಕ್ಕೆ ಬಂದ.

ಇನ್ನೊಂದು, ವಾಕ್-ಆನ್‌ಗಳು. ಸ್ಕಾಲರ್‌ಶಿಪ್ ಇಲ್ಲದೆ, ತಮ್ಮ ಖರ್ಚಿನಲ್ಲಿ ಓದುತ್ತಾ ತಂಡಕ್ಕೆ ಸೇರುವವರು. ಹೆಚ್ಚಿನವರು ಸುತ್ತಮುತ್ತಲ ಊರಿನ ರೈತರ ಮಕ್ಕಳು. ಜಾರ್ಡಿ ನೆಲ್ಸನ್ ಮ್ಯಾನ್‌ಹ್ಯಾಟನ್ ಪಕ್ಕದ ರೈಲಿ ಅನ್ನುವ ಪುಟ್ಟ ಊರಿನವರು. ಮನೆಯಲ್ಲಿ ಬೇಸಾಯ. ಡಿಫೆಂಡರ್ ಆಗಿ ಬಂದವರನ್ನು ಇಲ್ಲಿ ರಿಸೀವರ್ (ಎಸೆದ ಚೆಂಡು ಹಿಡಿಯುವವ) ಮಾಡಿದರು. 2011ರ ಸೂಪರ್ ಬೋಲ್‌ನಲ್ಲಿ, ಅಂದರೆ ಎನ್‌ಎಫ್‌ಎಲ್ ಫೈನಲ್‌ನಲ್ಲಿ, ಗ್ರೀನ್ ಬೇ ತಂಡದ ಪರವಾಗಿ ಟಚ್‌ಡೌನ್ ಹೊಡೆದರು. ಹೊಲದಿಂದ ಬಂದ ಹುಡುಗ ಅಲ್ಲಿಗೆ ಹೋಗಿ ನಿಂತದ್ದು ನನಗೆ ಈಗಲೂ ರೋಮಾಂಚನ ತರುತ್ತದೆ. ನಾನೂ ಹೊಲದ ಮನೆಯಿಂದಲೇ ಬಂದವನು.

ಬರುವವರನ್ನು ಹುಡುಕಿದರೆ ಸಾಲದು, ಬೆಳೆಸಬೇಕು. ಕಾಲೇಜಿನಲ್ಲಿ ನಾಲ್ಕು ಸೀಸನ್ ಆಡಲು ಐದು ವರ್ಷ ಸಿಗುತ್ತದೆ. ಒಂದು ವರ್ಷ ಆಡಿಸದೆ ಬರೀ ತರಬೇತಿ ಕೊಟ್ಟು ಕೂರಿಸುವುದಕ್ಕೆ ರೆಡ್‌ಶರ್ಟ್ ಅನ್ನುತ್ತಾರೆ. ಹದಿನೆಂಟರ ಹುಡುಗನಿಗೂ ಇಪ್ಪತ್ತಮೂರರ ಯುವಕನಿಗೂ ಮೈಕಟ್ಟಿನಲ್ಲಿ ಎಷ್ಟು ವ್ಯತ್ಯಾಸ! ಜಾಗ ಬದಲಿಸಿ ನೋಡುವುದೂ ಉಂಟು. ನಾನು ಹೋದ ವರ್ಷ ಕಾಲಿನ್ ಕ್ಲೈನ್ ಅನ್ನುವ ಹುಡುಗ ರಿಸೀವರ್ ಆಗಿ ಆಡುತ್ತಿದ್ದ. ಮೂರು ವರ್ಷ ಕಳೆದ ಮೇಲೆ ಅದೇ ಹುಡುಗ ಕ್ವಾರ್ಟರ್‌ಬ್ಯಾಕ್, ಹೈಸ್‌ಮನ್ ಫೈನಲಿಸ್ಟ್. 2012ರ ಡಿಸೆಂಬರ್ 1ರಂದು ಟೆಕ್ಸಾಸ್ ತಂಡವನ್ನು 42–24ರಿಂದ ಸೋಲಿಸಿ ಬಿಗ್ 12 (ಕಾನ್ಸಾಸ್ ಸ್ಟೇಟ್ ಆಡುವ ಲೀಗ್) ಪಟ್ಟ ಗೆದ್ದಾಗ ನಾನು ಸ್ಟೇಡಿಯಂನಲ್ಲಿದ್ದೆ. ಮೂರು ವರ್ಷದಿಂದ ನಮ್ಮ ಕಣ್ಣೆದುರಿಗೇ ಬೆಳೆದ ಹುಡುಗ ಅವನು. ಅದಕ್ಕೇ ಆ ಗೆಲುವು ನಮ್ಮ ಮನೆಯದ್ದು ಅನ್ನಿಸಿತು.

ಇನ್ನೊಂದು ವಿಷಯಕ್ಕೆ ಸ್ನೈಡರ್‌ರನ್ನು ಬಹಳ ಜನ ಟೀಕಿಸಿದರು. ಲೀಗ್ ಹೊರಗಿನ ಪಂದ್ಯಗಳನ್ನು ಸುಲಭದ ತಂಡಗಳ ಜೊತೆ ಇಟ್ಟುಕೊಳ್ಳುತ್ತಿದ್ದರು. ನನ್ನ ಪ್ರಕಾರ ಅವರು ಮಾಡಿದ್ದು ಸರಿ. ಗೆದ್ದೇ ಗೊತ್ತಿಲ್ಲದ ಹುಡುಗರಿಗೆ ಮೊದಲು ಗೆಲ್ಲುವ ರೂಢಿ ಆಗಬೇಕು. ಸೆಪ್ಟೆಂಬರ್‌ನಲ್ಲೇ ಬಲವಾದ ತಂಡಗಳಿಂದ ಪೆಟ್ಟು ತಿಂದರೆ ನವೆಂಬರ್ ತನಕ ಯಾರ ಮೈಯಲ್ಲಿ ಶಕ್ತಿ ಉಳಿಯುತ್ತದೆ?

ಸಹಾಯಕ ಕೋಚ್‌ಗಳನ್ನೂ ಅಷ್ಟೇ ಜಾಣತನದಿಂದ ಆರಿಸಿದರು. ಬಾಬ್ ಸ್ಟೂಪ್ಸ್ ಸ್ನೈಡರ್ ಬಳಿ ಕೆಲಸ ಮಾಡಿ, ಮುಂದೆ ಒಕ್ಲಹೋಮಾಗೆ ಹೋಗಿ 2000ದ ಸೀಸನ್‌ನಲ್ಲಿ ರಾಷ್ಟ್ರೀಯ ಚಾಂಪಿಯನ್ ಆದರು. 2003ರಲ್ಲಿ ಅದೇ ಸ್ಟೂಪ್ಸ್‌ರ ನಂಬರ್ ಒನ್ ತಂಡವನ್ನು ಸ್ನೈಡರ್ 35–7ರಿಂದ ಸೋಲಿಸಿದರು. ಆ ದಿನ ಮೈದಾನ ಆಳಿದ್ದು ಡ್ಯಾರೆನ್ ಸ್ಪ್ರೋಲ್ಸ್, ಕಾನ್ಸಾಸ್‌ನ ಓಲೇಥದ ಹುಡುಗ, 5 ಅಡಿ 6 ಇಂಚು ಎತ್ತರ.

ಸ್ನೈಡರ್ 2005ರಲ್ಲಿ ಬಿಟ್ಟುಹೋದ ಮೇಲೆ ಮೂರು ವರ್ಷದಲ್ಲಿ 17 ಗೆಲುವು, 20 ಸೋಲು. ಅದೇ ಊರು, ಅದೇ ಸ್ಟೇಡಿಯಂ. ಒಮ್ಮೆ ಮೇಲೆತ್ತಿದ ತಂಡ ಅಲ್ಲೇ ನಿಲ್ಲುತ್ತದೆ ಅಂತಿಲ್ಲ. ಅದಕ್ಕೇ 2009ರಲ್ಲಿ ಅವರನ್ನು ಮತ್ತೆ ಕರೆದರು. 2018ರವರೆಗೆ ಇದ್ದು, ಒಟ್ಟು 215 ಗೆಲುವಿನೊಂದಿಗೆ ಹೊರಟರು.

ಈಗ ಕಾಲ ಬದಲಾಗಿದೆ, ನಿಮ್ಮ ಕೋಚ್ ಮುಂದಿರುವ ಲೆಕ್ಕ ಬೇರೆ. 2018ರಿಂದ ಟ್ರಾನ್ಸ್‌ಫರ್ ಪೋರ್ಟಲ್ ಇದೆ, ಆಟಗಾರ ಹೆಸರು ಬರೆಸಿ ಬೇರೆ ಕಾಲೇಜಿಗೆ ಹೋಗಬಹುದು. 2021ರಿಂದ ತಮ್ಮ ಹೆಸರು, ಮುಖ ಬಳಸಿ ಜಾಹೀರಾತಿನಿಂದ ದುಡಿಯಬಹುದು. 2025ರಿಂದ ಕಾಲೇಜುಗಳೇ ಆಟಗಾರರಿಗೆ ನೇರವಾಗಿ ಹಣ ಕೊಡಬಹುದು. ಎಲ್ಲ ಆಟಗಳೂ ಸೇರಿ ಮೊದಲ ವರ್ಷದ ಮಿತಿ ಸುಮಾರು 2 ಕೋಟಿ 5 ಲಕ್ಷ ಡಾಲರ್.

ಇದರಿಂದ ಐದು ವರ್ಷದ ಕೆಲಸ ಒಂದೇ ವರ್ಷದಲ್ಲಿ ಆಗಿದ್ದೂ ಇದೆ. ಇಂಡಿಯಾನಾ ಯೂನಿವರ್ಸಿಟಿ 2023ರಲ್ಲಿ 3 ಪಂದ್ಯ ಗೆದ್ದಿತ್ತು. ಕರ್ಟ್ ಸಿಗ್ನೆಟ್ಟಿ ಕೋಚ್ ಆಗಿ ಬಂದ ಮೊದಲ ವರ್ಷವೇ, 2024ರಲ್ಲಿ, 11 ಗೆದ್ದಿತು. ಆದರೆ ಗಮನಿಸಿ, ಅವರು ಪೋರ್ಟಲ್‌ನಿಂದ ಕಂಡಕಂಡವರನ್ನು ಸುಮ್ನೆ ತುಂಬಿಕೊಳ್ಳಲಿಲ್ಲ. ಹಿಂದೆ ಕೆಲಸ ಮಾಡಿದ್ದ ಜೇಮ್ಸ್ ಮ್ಯಾಡಿಸನ್ ಯೂನಿವರ್ಸಿಟಿಯಿಂದ, ತಾವೇ ತಯಾರು ಮಾಡಿದ್ದ ಹತ್ತಕ್ಕೂ ಹೆಚ್ಚು ಹುಡುಗರನ್ನು ಕರೆತಂದರು. ಕೊಲೊರಾಡೊದಲ್ಲಿ ಕೋಚ್ ಡಿಯಾನ್ ಸ್ಯಾಂಡರ್ಸ್ ಇಡೀ ತಂಡವನ್ನೇ ಬದಲಿಸಿದರು. 2023ರಲ್ಲಿ 4 ಗೆಲುವು, 2024ರಲ್ಲಿ 9. ದೊಡ್ಡ ಆಟಗಾರರು ಎನ್‌ಎಫ್‌ಎಲ್‌ಗೆ ಹೋದ ಮೇಲೆ 2025ರಲ್ಲಿ 3.

ಹೊಸ ನಿಯಮಗಳಲ್ಲಿ ನನಗೆ ನೋವು ಕೊಡುವುದು ಒಂದಿದೆ. ಹಣ ಹಂಚುವ ವ್ಯವಸ್ಥೆಗೆ ಸೇರಿದ ಕಾಲೇಜುಗಳಲ್ಲಿ ತಂಡ 105 ಜನಕ್ಕೆ ನಿಲ್ಲಬೇಕು. ಮೊದಲು 85 ಸ್ಕಾಲರ್‌ಶಿಪ್ ಇದ್ದು, ಅದರ ಮೇಲೆ ವಾಕ್-ಆನ್‌ಗಳನ್ನು ಬೇಕಾದಷ್ಟು ಇಟ್ಟುಕೊಳ್ಳಬಹುದಿತ್ತು. ಜಾಗ ಕಡಿಮೆಯಾದಾಗ ಮೊದಲು ಹೊರಗೆ ಹೋಗುವುದು ರೈಲಿಯಂಥ ಊರಿನ ಹುಡುಗ. ಆಟಗಾರರಿಗೆ ಹಣ ಸಿಗುವುದು ನ್ಯಾಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಈ ಬಾಗಿಲು ಮುಚ್ಚಬಾರದಿತ್ತು.

ನಿಮ್ಮ ತಂಡದ ವಿಷಯಕ್ಕೆ ಬರೋಣ. ಡಿಸೆಂಬರ್‌ನಲ್ಲಿ ಹೊಸ ಹುಡುಗರು ಸಹಿ ಹಾಕಿದ ಪಟ್ಟಿ ಬರುತ್ತದೆ. ಎಲ್ಲರೂ ಸ್ಟಾರ್ ಎಣಿಸುತ್ತಾರೆ. ನೀವು ನಿಮ್ಮ ರಾಜ್ಯದ ಹುಡುಗರು ಎಷ್ಟು ಜನ ಅಂತ ನೋಡಿ. ಜನವರಿಯಲ್ಲಿ ಎಷ್ಟು ಜನ ಬಿಟ್ಟುಹೋದರು, ಎಷ್ಟು ಜನ ಉಳಿದರು ನೋಡಿ. ಮುಂದಿನ ಸೀಸನ್‌ನಲ್ಲಿ 30 ಅಂಕದಿಂದ ಸೋಲುತ್ತಿದ್ದವರು 7 ಅಂಕದಿಂದ ಸೋತರೆ ಬೇಸರ ಮಾಡಿಕೊಳ್ಳಬೇಡಿ, ಮೇಲೆ ಬರುವ ತಂಡ ಮೊದಲು ಹಾಗೆಯೇ ಸೋಲುತ್ತದೆ. ಮುಖ್ಯವಾಗಿ, ವಿದ್ಯಾರ್ಥಿ ಟಿಕೆಟ್ ತಗೊಂಡು ಈಗಲೇ ಪಂದ್ಯಕ್ಕೆ ಹೋಗಿ. ನವೆಂಬರ್ ಪಂದ್ಯಕ್ಕಾದರೆ ದಪ್ಪ ಜಾಕೆಟ್, ಗ್ಲೌಸ್ ಬೇಕೇ ಬೇಕು.

ಯಾವ ಯೂನಿವರ್ಸಿಟಿ ಅಂತ ಬರೆದರೆ ಅವರ ಈ ವರ್ಷದ ಪಟ್ಟಿ ನೋಡಿ ನನಗೆ ಅನ್ನಿಸಿದ್ದನ್ನು ಹೇಳುತ್ತೇನೆ.