ಡಾಕ್ಟರ್ ಮಗನನ್ನು ಬಿಟ್ಟು ನನ್ನನ್ನೇ ಬರಲು ಹೇಳಿದ್ದಾರೆ. ತಪ್ಪು ನನ್ನದಾ?

ನಿಮ್ಮ ಪ್ರಶ್ನೆ ಓದಿದೆ. ಒಂಬತ್ತು ವರ್ಷದ ಮಗ. ಮೊಬೈಲ್ ಕಿತ್ತುಕೊಂಡರೆ ಓಣಿಗೆಲ್ಲ ಕೇಳುವಂತೆ ಚೀರುತ್ತಾನೆ, ಸಾಮಾನು ಎಸೆಯುತ್ತಾನೆ. ಸೋಮವಾರ ಬಂತೆಂದರೆ ಹೊಟ್ಟೆನೋವು, ಶಾಲೆ ಬೇಡ. ಗಂಡ ಪುಣೆಯಲ್ಲಿ ದುಡಿಯುತ್ತಾರೆ. ಎರಡೇಟು ಹಾಕಿದರೆ ಸರಿಹೋಗುತ್ತಾನೆ ಅಂತ ಅತ್ತೆಯ ಮಾತು. ಕಲಬುರಗಿಯ ಡಾಕ್ಟರ್ ಅವನನ್ನು ಪರೀಕ್ಷೆ ಮಾಡಿ, ‘ಮಾತ್ರೆ ಬೇಡ, ಎಂಟು ವಾರ ನೀವು ಬನ್ನಿ’ ಎಂದಿದ್ದಾರೆ. ಹಾಗಾದರೆ ತಪ್ಪು ನನ್ನದಾ, ನಾನು ಹೋಗಿ ಕೂತರೆ ಮಗ ಸುಧಾರಿಸುತ್ತಾನಾ, ಇದಕ್ಕೆ ಪುರಾವೆ ಇದೆಯಾ ಅಂತ ಕೇಳಿದ್ದೀರಿ.

ತಪ್ಪು ನಿಮ್ಮದಲ್ಲ. ಪುರಾವೆ ಇದೆ, ಗಟ್ಟಿಯಾಗೇ ಇದೆ. ನಾನು ಇದೇ ಜಿಲ್ಲೆಯ ಒಂದು ತಾಲೂಕು ಆಸ್ಪತ್ರೆಯಲ್ಲಿ ಆಪ್ತ ಸಮಾಲೋಚಕಿ. ‘ನೀವು ಬನ್ನಿ’ ಅಂದ ಕೂಡಲೇ ಮುಖ ಸಣ್ಣದು ಮಾಡಿಕೊಂಡು ಎದ್ದುಹೋದ ತಾಯಂದಿರನ್ನು ನೋಡಿದ್ದೇನೆ. ನೀವು ಹಾಗೆ ಎದ್ದುಹೋಗಬಾರದು ಅಂತ ಸ್ವಲ್ಪ ಉದ್ದವಾಗೇ ಬರೆಯುತ್ತಿದ್ದೇನೆ.

ವಾರಕ್ಕೆ ಒಂದು ಗಂಟೆ ಅವನು ನಮ್ಮ ಮುಂದೆ ಕೂರಬಹುದು. ಉಳಿದ ಹೊತ್ತೆಲ್ಲ ಮನೆಯಲ್ಲಿ, ಶಾಲೆಯಲ್ಲಿ ಇರುತ್ತಾನೆ. ಅವನು ಚೀರಿದಾಗ ಪಕ್ಕದಲ್ಲಿರುವವರು ನೀವು. ಡಾಕ್ಟರ್ ನಿಮ್ಮನ್ನು ಕರೆದದ್ದು ಅದಕ್ಕೇ.

ಅಮೆರಿಕದ ಒರೆಗಾನ್‌ನಲ್ಲಿ ಜೆರಾಲ್ಡ್ ಪ್ಯಾಟರ್ಸನ್ ಎಂಬ ಮನೋವಿಜ್ಞಾನಿ ಇದ್ದರು. ಅವರ ತಂಡ ಮನೆಗಳಿಗೇ ಹೋಗಿ ಕೂತು, ಜಗಳ ಹೇಗೆ ಶುರುವಾಗುತ್ತೆ, ಹೇಗೆ ಮುಗಿಯುತ್ತೆ ಅಂತ ಬರೆದುಕೊಂಡಿತು. ಅವರು ಕಂಡದ್ದು ನಿಮ್ಮ ಮನೆಯಲ್ಲೂ ನಡೆಯುತ್ತಿರಬಹುದು. ಮಗ ಮೊಬೈಲ್ ಕೇಳುತ್ತಾನೆ. ನೀವು ಬೇಡ ಅಂತೀರಿ. ಅಳುತ್ತಾನೆ. ಗದರುತ್ತೀರಿ. ದನಿ ಏರಿಸುತ್ತಾನೆ. ಹಂಚಿನ ಮೇಲೆ ರೊಟ್ಟಿ ಸೀಯುತ್ತಿರುತ್ತೆ, ಹೊರಗೆ ನೀರು ಬಂದಿರುತ್ತೆ. ಕೊನೆಗೆ ಸಾಕಾಗಿ ಕೊಟ್ಟುಬಿಡುತ್ತೀರಿ. ಮನೆ ತಣ್ಣಗಾಗುತ್ತೆ. ಅಷ್ಟರಲ್ಲಿ ಇಬ್ಬರೂ ಒಂದೊಂದು ಪಾಠ ಕಲಿತಿರುತ್ತೀರಿ. ಜೋರಾಗಿ ಚೀರಿದರೆ ಸಿಗುತ್ತೆ ಅಂತ ಅವನು, ಕೊಟ್ಟರೆ ಚೀರಾಟ ನಿಲ್ಲುತ್ತೆ ಅಂತ ನೀವು. ಇಲ್ಲಿ ಯಾರೂ ಕೆಟ್ಟವರಲ್ಲ. ಆದರೆ ಮರುದಿನ ಅವನ ಅಳು ನಿನ್ನೆ ನಿಲ್ಲಿಸಿದ ದನಿಯಿಂದಲೇ ಶುರುವಾಗುತ್ತೆ. ನಮ್ಮ ಕಡೆಯ ಮನೆಗಳಲ್ಲಿ ಇದಕ್ಕೆ ಇನ್ನೊಂದು ಕೊಂಡಿ ಸೇರುತ್ತೆ. ನೀವು ಇಲ್ಲ ಅಂದದ್ದನ್ನು ಅತ್ತೆ ‘ಪೋರ ಅಳ್ಲಕತ್ತಾನ, ಕೊಡವ್ವಾ’ ಅಂತ ಕೊಡಿಸುತ್ತಾರೆ.

ಎಂಟು ವಾರದಲ್ಲಿ ಕಲಿಸುವುದು ಈ ಸುತ್ತಿನಿಂದ ಹೊರಬರುವ ದಾರಿ. ಮೊದಲ ಕೆಲವು ವಾರ ಶಿಸ್ತಿನ ಮಾತೇ ಬರದೆ ಇರಬಹುದು. ದಿನಕ್ಕೆ ಹತ್ತು ಹದಿನೈದು ನಿಮಿಷ ಅವನ ಜೊತೆ ಆಟ, ಅವನು ಹೇಳಿದ ಆಟ. ಪಾಠ ಹೇಳಬಾರದು, ತಿದ್ದಬಾರದು. ಒಳ್ಳೆಯದು ಮಾಡಿದ ಕೂಡಲೇ ಏನು ಮಾಡಿದ ಅಂತ ಬಿಡಿಸಿ ಹೇಳಿ ಹೊಗಳುವುದು. ಆಮೇಲೆ ಒಂದು ಸಲಕ್ಕೆ ಒಂದೇ ಮಾತು ಹೇಳುವುದು, ಹೇಳಿದ್ದನ್ನು ನಡೆಸುವುದು. ಕೇಳಿದರೆ ಇಷ್ಟೇನಾ ಅನಿಸುತ್ತೆ. ಸಿಟ್ಟು ನೆತ್ತಿಗೇರಿದಾಗ ಮಾಡುವುದು ಕಷ್ಟ, ಅದಕ್ಕೇ ಕಲಿಸಬೇಕಾಗುತ್ತೆ.

2008ರಲ್ಲಿ ಜೆನಿಫರ್ ಕಮಿನ್ಸ್ಕಿ ಮತ್ತು ಸಂಗಡಿಗರು ಸಣ್ಣ ಮಕ್ಕಳ ತಂದೆತಾಯಿಗೆ ಕೊಟ್ಟ ತರಬೇತಿಗಳ ಬಗ್ಗೆ 77 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಯಾವುದರಲ್ಲಿ ಫಲ ಜಾಸ್ತಿ? ತರಬೇತಿಯ ಹೊತ್ತಿನಲ್ಲೇ ತಮ್ಮ ಮಗುವಿನ ಜೊತೆ ಮಾಡಿ ಅಭ್ಯಾಸ ಮಾಡಿಸಿದ್ದರಲ್ಲಿ. ಹಾಗಾಗಿ ನೀವು ಕೇಳಬೇಕಾದ ಮುಖ್ಯ ಪ್ರಶ್ನೆ ಇದು: ಸುಮ್ನೆ ಭಾಷಣ ಕೇಳಿಸಿ ಕಳಿಸುತ್ತಾರಾ, ಮಾಡಿಸುತ್ತಾರಾ? ಶಾಲೆಯ ಸಭೆಯಲ್ಲಿ ಒಂದು ಗಂಟೆ ಉಪದೇಶ ಕೊಟ್ಟು ಚಹಾ ಕುಡಿಸಿ ಕಳಿಸಿದರೆ ಮನೆಯಲ್ಲಿ ಏನೂ ಬದಲಾಗಲ್ಲ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಇನ್ನು ಸೋಮವಾರದ ಹೊಟ್ಟೆನೋವು. ಮೊದಲು ಶಾಲೆಯಲ್ಲಿ ಏನು ನಡೆಯುತ್ತಿದೆ ಅಂತ ಅವನನ್ನೇ ನಿಧಾನವಾಗಿ ಕೇಳಿ. ಯಾರಾದರೂ ಹೊಡೆಯುತ್ತಿದ್ದಾರಾ, ಓದಲು ಬಾರದೆ ನಾಚಿಕೆಯಾ, ಶೌಚಾಲಯದ ತೊಂದರೆಯಾ? ಅಂಥದ್ದಿದ್ದರೆ ಅದನ್ನು ಸರಿಮಾಡಬೇಕು. ಅದೇನೂ ಇಲ್ಲ, ಬರೀ ಭಯ ಅನ್ನುವುದಾದರೆ ನಿಮ್ಮ ಪ್ರಶ್ನೆಗೆ ನೇರ ಉತ್ತರ ಕೊಡುವ ಒಂದು ಅಧ್ಯಯನ ಇದೆ. ಯೇಲ್ ವಿಶ್ವವಿದ್ಯಾಲಯದ ಎಲಿ ಲೆಬೊವಿಟ್ಜ್ ತಂಡದ್ದು, 2020ರಲ್ಲಿ ಪ್ರಕಟವಾಯಿತು. ಆತಂಕದ ತೊಂದರೆ ಇದ್ದ 7ರಿಂದ 14 ವರ್ಷದ 124 ಮಕ್ಕಳು. ಒಂದು ಗುಂಪಿನ ಮಕ್ಕಳಿಗೇ ಸಿಬಿಟಿ ಎಂಬ ಮಾತಿನ ಚಿಕಿತ್ಸೆ. ಇನ್ನೊಂದು ಗುಂಪಿನಲ್ಲಿ ಬಂದದ್ದು ತಂದೆತಾಯಿ ಮಾತ್ರ, ಮಕ್ಕಳಿಗೆ ಚಿಕಿತ್ಸೆ ಇಲ್ಲ. ಕೊನೆಗೆ ಎರಡನೆಯ ಗುಂಪಿನ ಮಕ್ಕಳು ಮೊದಲನೆಯವರಷ್ಟೇ ಸುಧಾರಿಸಿದ್ದರು. ಮಕ್ಕಳು ಬಾರದೆಯೇ!

ಆ ತಂದೆತಾಯಿ ಕಲಿತದ್ದು ಎರಡು. ಭಯಕ್ಕೆ ತಾವು ಒತ್ತಾಸೆಯಾಗಿ ಮಾಡುತ್ತಿದ್ದ ಕೆಲಸಗಳನ್ನು, ಅಂದರೆ ಮನೆಯಲ್ಲೇ ಇರಿಸಿಕೊಳ್ಳುವುದು, ಮಗುವಿನ ಪರವಾಗಿ ತಾವೇ ಮಾತಾಡುವುದು ಇಂಥವನ್ನು ಸ್ವಲ್ಪ ಸ್ವಲ್ಪವಾಗಿ ಕಡಿಮೆ ಮಾಡುವುದು. ಜೊತೆಗೆ ಬೈಯದೆ, ಮುದ್ದಿನಲ್ಲಿ ಮುಳುಗಿಸದೆ ಹೀಗೆ ಹೇಳುವುದು: ‘ನಿನಗೆ ಭಯ ಆಗುತ್ತೆ ಅಂತ ನನಗೆ ಗೊತ್ತು. ನೀನು ತಡ್ಕೋತೀಯ ಅಂತಾನೂ ಗೊತ್ತು.’ ಈ ಎರಡೂ ವಾಕ್ಯ ಒಟ್ಟಿಗೇ ಬರಬೇಕು. ನಮ್ಮಲ್ಲಿ ಮೊದಲನೆಯದನ್ನು ಅಜ್ಜಿ ಹೇಳುತ್ತಾರೆ, ಎರಡನೆಯದನ್ನು ಅಪ್ಪ ಗದರಿ ಹೇಳುತ್ತಾರೆ.

ಅತ್ತೆಯವರ ‘ಎರಡೇಟು’ ಬಗ್ಗೆ ಒಂದೇ ಮಾತು. ಎಲಿಜಬೆತ್ ಗರ್ಶಾಫ್ ಮತ್ತು ಆ್ಯಂಡ್ರೂ ಗ್ರೋಗನ್-ಕೇಲರ್ 2016ರಲ್ಲಿ 75 ಅಧ್ಯಯನಗಳನ್ನು, ಅಂದರೆ ಒಂದೂವರೆ ಲಕ್ಷಕ್ಕೂ ಜಾಸ್ತಿ ಮಕ್ಕಳ ವಿವರಗಳನ್ನು ಒಟ್ಟುಗೂಡಿಸಿದರು. ಏಟು ತಿನ್ನುವ ಮಕ್ಕಳಲ್ಲಿ ಹಠ, ಜಗಳ, ಮನಸ್ಸಿನ ತೊಂದರೆ ಹೆಚ್ಚಿದ್ದವು. ಹೊಡೆದರೆ ಒಳ್ಳೆಯದಾಗುತ್ತೆ ಅನ್ನುವುದಕ್ಕೆ ಆಧಾರ ಸಿಗಲಿಲ್ಲ.

ನಿಮ್ಮ ಪ್ರಶ್ನೆಯ ನಡುವೆ ‘ನನಗೂ ರಾತ್ರಿ ನಿದ್ದೆ ಇಲ್ಲ’ ಅಂತ ಒಂದು ಸಾಲು ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ನನಗೆ ಆ ಸಾಲೇ ದೊಡ್ಡದಾಗಿ ಕಂಡಿತು. ಪಾಕಿಸ್ತಾನದ ರಾವಲ್ಪಿಂಡಿ ಬಳಿಯ ಹಳ್ಳಿಗಳಲ್ಲಿ ಆತಿಫ್ ರಹಮಾನ್ ತಂಡ ಖಿನ್ನತೆಯಲ್ಲಿದ್ದ 903 ಗರ್ಭಿಣಿಯರ ಜೊತೆ ಕೆಲಸ ಮಾಡಿತು. ಮಾತಾಡಿಸಿ ಬೆಂಬಲ ಕೊಟ್ಟವರು ಡಾಕ್ಟರುಗಳಲ್ಲ, ನಮ್ಮ ಆಶಾ ಕಾರ್ಯಕರ್ತೆಯರಂಥ ಊರ ಆರೋಗ್ಯ ಕಾರ್ಯಕರ್ತೆಯರು. ಹೆರಿಗೆಯಾಗಿ ಆರು ತಿಂಗಳಿಗೆ ಈ ಬೆಂಬಲ ಸಿಕ್ಕವರಲ್ಲಿ ಖಿನ್ನತೆ 23%, ಸಿಗದವರಲ್ಲಿ 53%. ಇನ್ನೊಂದೂ ಕಂಡಿತು: ಬೆಂಬಲ ಸಿಕ್ಕ ಮನೆಗಳಲ್ಲಿ ಅಪ್ಪ ಅಮ್ಮ ಇಬ್ಬರೂ ಕೂಸಿನ ಜೊತೆ ಜಾಸ್ತಿ ಆಟವಾಡುತ್ತಿದ್ದರು. ತಾಯಿಗೆ ಉಸಿರಾಡಲು ಜಾಗ ಸಿಕ್ಕರೆ ಮಗುವಿಗೂ ಸಿಗುತ್ತೆ. ಹಾಗಾಗಿ ಮೊದಲ ದಿನವೇ ನಿಮ್ಮ ನಿದ್ದೆಯ ವಿಷಯ ಡಾಕ್ಟರ್ ಮುಂದೆ ಹೇಳಿ. ರಾತ್ರಿ ತಡೆಯಲಾಗದಂತೆ ಆದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ಗೆ, 14416 ಸಂಖ್ಯೆಗೆ ಕರೆಮಾಡಿ. ಉಚಿತ, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು.

ದುಡ್ಡಿನ ಚಿಂತೆಯೂ ಇದರಲ್ಲಿ ಸೇರಿದೆ, ಅಲ್ವಾ? ದಕ್ಷಿಣ ಆಫ್ರಿಕಾದ ಬಡ ಪ್ರದೇಶವೊಂದರ 40 ಊರುಗಳಲ್ಲಿ, ಹರೆಯದ ಮಕ್ಕಳಿದ್ದ 552 ಕುಟುಂಬಗಳ ಜೊತೆ ಲೂಸಿ ಕ್ಲೂವರ್ ಮತ್ತು ಸಂಗಡಿಗರು ದೊಡ್ಡವರಿಗೆ ಕಲಿಸುವ ಇಂಥದ್ದೇ ಕಾರ್ಯಕ್ರಮ ನಡೆಸಿದರು. ಮಕ್ಕಳ ಜೊತೆ ಮಾತಾಡುವುದರ ಜೊತೆಗೆ ಮನೆ ಖರ್ಚು, ಉಳಿತಾಯವನ್ನೂ ಕಲಿಸಿದರು. ಹೊಡೆಯುವುದು ಕಡಿಮೆಯಾಯಿತು, ದೊಡ್ಡವರ ಮನಸ್ಸಿನ ಭಾರ ಇಳಿಯಿತು, ಮನೆಯ ಹಣಕಾಸೂ ಸ್ವಲ್ಪ ಸುಧಾರಿಸಿತು. ಆದರೆ ಮಕ್ಕಳ ನಡವಳಿಕೆಯ ತೊಂದರೆ ಕಡಿಮೆಯಾದದ್ದು ಕಾಣಲಿಲ್ಲ. ಸ್ಕಾಟ್ಲೆಂಡ್‌ನ ಗ್ಲಾಸ್ಗೋ ನಗರದಲ್ಲಂತೂ ತಂದೆತಾಯಿಗೆ ಕೊಡುವ ಟ್ರಿಪಲ್ ಪಿ ಎಂಬ ಹೆಸರಾಂತ ತರಬೇತಿಯನ್ನು ಊರಿಗೆಲ್ಲ ಕೊಟ್ಟರೂ, ಒಟ್ಟಾರೆ ಮಕ್ಕಳ ಮಾನಸಿಕ ಆರೋಗ್ಯದಲ್ಲಿ ಬದಲಾವಣೆ ಕಾಣಲಿಲ್ಲ. ಇದನ್ನು ಮುಚ್ಚಿಟ್ಟು ನಿಮಗೆ ಬರೀ ಆಸೆ ಹುಟ್ಟಿಸುವುದು ನನಗೆ ಇಷ್ಟವಿಲ್ಲ. ಹಾಗಿದ್ದರೂ ನಿಮ್ಮ ಮಗ ಇನ್ನೂ ಚಿಕ್ಕವನು, ತೊಂದರೆ ಏನು ಅಂತ ಸ್ಪಷ್ಟವಾಗಿದೆ, ಡಾಕ್ಟರ್ ಪರೀಕ್ಷೆ ಮಾಡಿ ಹೇಳಿದ್ದಾರೆ. ಇಂಥ ಮಕ್ಕಳಲ್ಲೇ ಫಲ ಚೆನ್ನಾಗಿ ಕಾಣುವುದು. ನಡುವೆ ಅವನು ಸಾಯುವ ಮಾತಾಡಿದರೆ, ಫಿಟ್ಸ್ ಬಂದರೆ ಅಥವಾ ಊಟ ನಿದ್ದೆ ಪೂರ್ತಿ ಬಿಟ್ಟರೆ ಮಾತ್ರ ಮುಂದಿನ ವಾರದವರೆಗೆ ಕಾಯಬೇಡಿ. ಅವನನ್ನು ಕರೆದುಕೊಂಡು ಕೂಡಲೇ ಆಸ್ಪತ್ರೆಗೆ ಹೋಗಿ.

ಗಂಡ ಊರಲ್ಲಿಲ್ಲ, ಒಬ್ಬಳೇ ಹೋದರೆ ನಡೆಯುತ್ತಾ ಅಂತ ಕೇಳಿದ್ದೀರಿ. ನಡೆಯುತ್ತೆ. ಅವರಿಗೆ ಪುಣೆಯಿಂದಲೇ ಮಾಡಲು ಒಂದು ಕೆಲಸ ಕೊಡಿ: ದಿನಾ ಒಂದೇ ಹೊತ್ತಿಗೆ ಮಗನಿಗೆ ಫೋನ್. ಆಗ ಮಾರ್ಕು, ದೂರು ಯಾವುದೂ ಬೇಡ, ಅವನ ಆಟ, ಅವನ ಗೆಳೆಯರ ಮಾತು ಸಾಕು. ಅತ್ತೆಯವರನ್ನು ಮಾತ್ರ ಒಂದು ಸಲವಾದರೂ ಜೊತೆಗೆ ಕರೆದೊಯ್ಯಿರಿ. ಸೊಸೆ ಹೇಳಿದರೆ ಒಪ್ಪದ ಮಾತನ್ನು ಡಾಕ್ಟರ್ ಹೇಳಿದರೆ ಒಪ್ಪುತ್ತಾರೆ. ತೊಗರಿ ರಾಶಿಯ ದಿನಗಳಲ್ಲಿ ಒಂದೆರಡು ವಾರ ತಪ್ಪಿದರೂ ಪೂರ್ತಿ ಬಿಡಬೇಡಿ, ಫೋನ್ ಮಾಡಿ ಬೇರೆ ದಿನ ಕೇಳಿ. ಇನ್ನೊಂದು ವಿಷಯ ಅತ್ತೆಗೂ ನಿಮಗೂ ಮೊದಲೇ ಗೊತ್ತಿರಲಿ. ನೀವು ಅಳುವಿಗೆ ಮಣಿಯುವುದು ನಿಲ್ಲಿಸಿದ ಮೊದಲ ಕೆಲವು ದಿನ ಅಳು ಜಾಸ್ತಿಯಾಗಬಹುದು. ಇಷ್ಟು ದಿನ ನಡೆದದ್ದು ಈಗ ಯಾಕೆ ನಡೆಯುತ್ತಿಲ್ಲ ಅಂತ ಅವನು ಇನ್ನೂ ಜೋರಾಗಿ ಪರೀಕ್ಷೆ ಮಾಡುತ್ತಾನೆ. ತರಬೇತಿ ಕೆಲಸ ಮಾಡುತ್ತಿಲ್ಲ ಅಂತ ತುಂಬಾ ಜನ ಬಿಟ್ಟುಹೋಗುವುದು ಆ ದಿನಗಳಲ್ಲೇ. ಆಗ ಮೊಬೈಲನ್ನು ಬೀರುವಿನಲ್ಲಿ ಇಟ್ಟು ಬೀಗ ಹಾಕಿ, ಬೀಗದ ಕೈಯನ್ನು ಅತ್ತೆಯ ಹತ್ತಿರ ಕೊಡಬೇಡಿ.